ನಾಲ್ಕಾಣೆಗೆ ಎಂಟಾಣೆ

ನಮ್ಮ ಮನೆಯಲ್ಲಿ ಒಂದು ಮೋಟಾರು ಕಾರಿದೆ. ಕಾರೆಂದೊಡನೆ ವಾಚಕರು ಅದನ್ನು ದೊಡ್ಡದೆಂದು ಭಾವಿಸಬಾರದು. ಹಿಂದಕ್ಕೆ ಚಾಚಿಕೊಂಡ ಡಿಕ್ಕಿ ಅದಕ್ಕಿಲ್ಲ. ಹಿಂಬದಿಯ ಕದವನ್ನು ಎತ್ತಿದರೆ ಎರಡು ಚೀಲ ಅಕ್ಕಿ, ಒಂದು ತರಕಾರಿಯ ಬುಟ್ಟಿ ಹಿಡಿಸುವಷ್ಟು ಜಾಗವಿದೆ. ಆದರೆ ಆ ಪುಟ್ಟ ಮೈಯೊಳಗೆ ಇಟ್ಟಿರುವ ಇಂಜಿನು ಮಾತ್ರ ಮೈಗೆ ಮೀರಿದುದು. ಅದು ೧೨೦೦ ಸಿ.ಸಿ.ಗಳದೇ ಆದರೂ, ಟರ್ಬೋ ಎಂಬ ಗಾಳಿಚಕ್ರವೊಂದು ಅದರೊಳಕ್ಕೆ ಗಾಳಿಯನ್ನು ಒತ್ತಿ ತುಂಬುವುದರಿಂದ ನೂರಕ್ಕೆ ಮೇಲ್ಪಟ್ಟ ಅಶ್ವಶಕ್ತಿಯನ್ನು ಕೊಡುತ್ತದೆ.

ಈ ಜಾತಿಯ ಬಂಡಿಗಳಿಗೆ ಇಂಗ್ಲಿಷಿನವರು ಹಾಟ್ ಹ್ಯಾಚ್‌ಬ್ಯಾಕ್ ಎಂದು ಹೆಸರಿಟ್ಟಿದ್ದಾರೆ. ಇವುಗಳ ಪೈಕಿ ಪ್ರಸಿದ್ಧವಾದುದು ೧೯೭೬ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿ.ಟಿ.ಐ. ಸಂಸಾರಸ್ಥರ ಸಾಧಾರಣವಾದ ಕಾರಿಗೆ ೧೧೦ ಅಶ್ವಶಕ್ತಿಯ ಇಂಜಿನನ್ನು ಕೂರಿಸಿ, ೫,೦೦೦ ಕಾರುಗಳು ಹೋದರೆ ಸಾಕೆಂದು ಅದನ್ನು ಮಾಡಿದವರು ಎಣಿಸಿದ್ದರಂತೆ; ಮೊದಲನೆಯ ಮಾದರಿಯೇ ನಾಲ್ಕೂವರೆ ಲಕ್ಷಕ್ಕೂ ಮೀರಿ ಹೋಯಿತು. ನಮ್ಮದು ಆ ಮನೆತನದ್ದಲ್ಲ. ಗುಣ ಮಾತ್ರ ಅದೇ. ಕಂಪನಿಯ ಹೆಸರು ಇಲ್ಲಿ ಬೇಡ. ೨೦೧೯ರಲ್ಲಿ ನಾನು ಅದನ್ನು ಒಬ್ಬರಿಂದ ಎರಡನೆಯ ಕೈಯಾಗಿ ಕೊಂಡು ಮೈಸೂರಿನ ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿದಾಗ ನನ್ನಾಕೆಯು ಅದನ್ನು ಒಂದು ಸುತ್ತು ಬಂದು, "ಇಷ್ಟು ಹಣಕ್ಕೆ ಅಮ್ಮ ಕಾಲು ಚಾಚಿಕೊಂಡು ಕೂತುಕೊಳ್ಳುವಂಥ ಕಾರು ಬರುತ್ತಿರಲಿಲ್ಲವೇನ್ರೀ?" ಎಂದಳು. ಬರುತ್ತಿದ್ದಿತು. ಆದರೆ ಐವತ್ತನ್ನು ಸಮೀಪಿಸಿದ ಗಂಡಸಿಗೆ ಒಂದು ಹುಚ್ಚು ಇರುವುದುಂಟು. ಅದನ್ನು ಬಿಡಿಸಿ ಹೇಳಲು ನನಗೆ ಆಗ ನಾಲಗೆ ಬರಲಿಲ್ಲ.

ಈ ಕಾರಿನಲ್ಲಿ ನನಗೆ ಒಂದೇ ಒಂದು ಕೊರಗಿದ್ದಿತು. ನಿಂತಲ್ಲಿಂದ ಹೊರಡಬೇಕಾದರೆ, ಅಥವಾ ನಿಧಾನವಾಗಿ ಉರುಳುತ್ತಿದ್ದು ಥಟ್ಟನೆ ಮುನ್ನುಗ್ಗಬೇಕಾದರೆ, ಕಾಲೊತ್ತಿದ ಮೇಲೆ ಅದು ಒಂದು ಗಳಿಗೆ ಯೋಚನೆ ಮಾಡುತ್ತಿದ್ದಿತು. ಗಳಿಗೆಯೆಂದರೆ ಪಂಚಾಂಗದ ಗಳಿಗೆಯಲ್ಲ. ಒಂದು ಸೆಕೆಂಡು ಇದ್ದೀತು. ಆದರೆ ವರ್ತುಲ ರಸ್ತೆಯನ್ನು ಅಡ್ಡ ದಾಟಬೇಕಾದವರಿಗೆ ಆ ಸೆಕೆಂಡಿನ ಉದ್ದ ಗೊತ್ತು. ಒಂದು ಭಾನುವಾರ ನೆಂಟರ ಮನೆಯಿಂದ ಹಿಂದಿರುಗುತ್ತಿದ್ದಾಗ, ಬಲಗಡೆಗೆ ತಿರುಗಲು ಜಾಗ ಸಿಕ್ಕಿತೆಂದು ಒತ್ತಿದೆನು. ಬಂಡಿಯು ಅಡ್ಡಲಾಗಿ ಅರ್ಧ ಹೋಗಿ ತಡವರಿಸಿತು. ನೀರಿನ ಟ್ಯಾಂಕರೊಂದು ಹಾರನ್ನು ಬಡಿದುಕೊಂಡು ನಮ್ಮ ಮೇಲೆಯೇ ಬಂದಂತಾಗಿ, ಅಷ್ಟರಲ್ಲಿ ನಮ್ಮ ಬಂಡಿಗೆ ಎಚ್ಚರವಾಗಿ ನೆಗೆದು ಪಾರಾಯಿತು. ನನ್ನಾಕೆಯ ತೊಡೆಯ ಮೇಲಿದ್ದ ಪಾಯಸದ ಡಬ್ಬಿಯು ಉರುಳಿ ಸೀರೆಯೆಲ್ಲ ಹಾಳಾಯಿತು. ಹಿಂದೆ ಕುಳಿತಿದ್ದ ನಮ್ಮ ಅತ್ತೆಯವರು ಮನೆ ಸೇರುವವರೆಗೂ ರಾಮಜಪವನ್ನು ನಿಲ್ಲಿಸಲಿಲ್ಲ.

ಈ ಸಂಗತಿಯನ್ನು ನನ್ನ ಅಕ್ಕನ ಮಗನಿಗೆ ಹೇಳಿದೆನು. ಅವನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಕಾರುಗಳ ವಿಷಯವೆಂದರೆ ಊಟ ಬಿಟ್ಟು ಮಾತನಾಡುವವನು. "ಮಾವ, ಅದಕ್ಕೆ ಒಂದು ಡಬ್ಬಿ ಬರುತ್ತೆ. ಪೆಡಲಿಗೂ ವೈರಿಗೂ ಮಧ್ಯೆ ಸಿಕ್ಕಿಸಿದರಾಯಿತು. ನಿಮ್ಮ ಗಾಡಿ ಬೇರೆ ಗಾಡಿಯೇ ಆಗಿಬಿಡುತ್ತೆ" ಎಂದನು.

ಆ ಡಬ್ಬಿ ಏನು ಮಾಡುತ್ತದೆಂಬುದನ್ನು ತಿಳಿಯಬೇಕಾದರೆ ಮೊದಲು ಪೆಡಲಿನ ವಿಚಾರವನ್ನು ತಿಳಿಯಬೇಕು. ನಾನು ಬಂಡಿ ಹೊಡೆಯುವುದನ್ನು ಕಲಿತದ್ದು ನಮ್ಮ ತಂದೆಯವರ ಮಾರುತಿ ೮೦೦ರಲ್ಲಿ. ಆ ಕಾಲದ ಕಾರುಗಳಲ್ಲಿ ಆಕ್ಸಿಲರೇಟರಿನಿಂದ ಇಂಜಿನಿನವರೆಗೆ ಒಂದು ಉಕ್ಕಿನ ತಂತಿ ಹೋಗಿರುತ್ತಿದ್ದಿತು. ಸೈಕಲ್ಲಿನ ಬ್ರೇಕಿನ ತಂತಿಯನ್ನು ನೋಡಿದವರಿಗೆ ಇದನ್ನು ಬೇರೆ ವರ್ಣಿಸಬೇಕಾಗಿಲ್ಲ. ಗಾಳಿ ಒಳಹೋಗುವ ಕೊಳವೆಯ ಬಾಯಲ್ಲಿ ದುಂಡನೆಯ ಲೋಹದ ಬಿಲ್ಲೆಯೊಂದು ತಿರುಗುತ್ತದೆ. ಅದು ತೆರೆದಷ್ಟು ಗಾಳಿ, ಗಾಳಿಗೆ ತಕ್ಕಷ್ಟು ಪೆಟ್ರೋಲು. ಕಾಲು ಒತ್ತಿದರೆ ತಂತಿ ಎಳೆಯುತ್ತದೆ, ತಂತಿ ಎಳೆದರೆ ಬಿಲ್ಲೆ ತೆರೆಯುತ್ತದೆ. ಕಾಲಿಗೂ ಇಂಜಿನಿಗೂ ನಡುವೆ ಮೂರನೆಯವರ ಮಾತಿಲ್ಲ.

ಈಗಿನ ಕಾರುಗಳಲ್ಲಿ ಆ ತಂತಿಯೇ ಇಲ್ಲ. ಪೆಡಲಿನ ಬುಡದಲ್ಲಿ ಎರಡು ಅಳತೆಗಾರರು ಕುಳಿತಿರುತ್ತಾರೆ. ಕಾಲು ಎಷ್ಟು ಇಳಿಯಿತೆಂಬುದನ್ನು ಅವರಿಬ್ಬರೂ ವಿದ್ಯುತ್ತಿನ ಸಂಕೇತವಾಗಿ ಗಣಕಯಂತ್ರಕ್ಕೆ ಬೇರೆ ಬೇರೆಯಾಗಿ ವರದಿ ಕಳುಹಿಸುತ್ತಾರೆ. ಇಬ್ಬರೇಕೆಂದರೆ, ಒಬ್ಬನು ಕೆಟ್ಟು ತಪ್ಪು ಹೇಳಿದರೆ ಇನ್ನೊಬ್ಬನ ಮಾತಿನಿಂದ ಅದು ಬಯಲಾಗಬೇಕು. ಎರಡು ವರದಿಗಳೂ ತಾಳೆಯಾಗದಿದ್ದರೆ ಗಣಕಯಂತ್ರವು ಎಚ್ಚರಿಕೆಯ ದೀಪವನ್ನು ಹಚ್ಚಿ ಇಂಜಿನಿನ ಬಲವನ್ನು ತಗ್ಗಿಸಿಬಿಡುತ್ತದೆ. ವರದಿ ಸರಿಯಾಗಿದ್ದರೆ ಅದನ್ನು ಓದಿ, ಹೊಗೆಯ ಲೆಕ್ಕ, ಪೆಟ್ರೋಲಿನ ಲೆಕ್ಕ, ಗೇರಿನ ಲೆಕ್ಕ ಎಲ್ಲವನ್ನೂ ನೋಡಿ, ಒಂದು ಸಣ್ಣ ಮೋಟಾರಿನ ಮೂಲಕ ಬಿಲ್ಲೆಯನ್ನು ತೆರೆಸುತ್ತದೆ. ಆದ್ದರಿಂದ ನಾವು ಒತ್ತುವುದು ಈಗ ಅಪ್ಪಣೆಯಲ್ಲ, ಅರ್ಜಿ. ಬಂಡಿಯನ್ನು ಮಾಡಿದವರು ಈ ಅರ್ಜಿಯ ಮೊದಲ ಭಾಗವನ್ನು ಬೇಕೆಂದೇ ಮೆತ್ತಗೆ ಮಾಡಿರುತ್ತಾರೆ. ಪೆಟ್ರೋಲು ಉಳಿಯಬೇಕು, ಕುಳಿತವರ ಕತ್ತು ಉಳುಕಬಾರದು, ಹಳ್ಳದಲ್ಲಿ ಚಕ್ರ ಬಿದ್ದು ಕಾಲು ಕುಲುಕಿದಾಗ ಬಂಡಿಯೂ ಕುಲುಕಬಾರದು.

ನಮ್ಮ ಡಬ್ಬಿಯು ಈ ಅಳತೆಗಾರರಿಗೂ ಗಣಕಯಂತ್ರಕ್ಕೂ ನಡುವೆ ಕುಳಿತು ವರದಿಯನ್ನು ತಿದ್ದುತ್ತದೆ. ಹಳೆಯ ಲೆಕ್ಕದಲ್ಲಿ ಹೇಳುವುದಾದರೆ, ಕಾಲು ನಾಲ್ಕಾಣೆ ಒತ್ತಿದರೆ ಇದು ಎಂಟಾಣೆ ಎಂದು ಹೇಳುತ್ತದೆ; ಎಂಟಾಣೆ ಒತ್ತಿದರೆ ಹದಿಮೂರಾಣೆ. ಹದಿನಾರಾಣೆ ಒತ್ತಿದರೆ ಮಾತ್ರ ಹದಿನಾರಾಣೆಯೇ. ರೂಪಾಯಿಗೆ ಮೇಲೆ ಒಂದು ಕಾಸೂ ಇದರ ಕೈಯಲ್ಲಿ ಹುಟ್ಟುವುದಿಲ್ಲ.

ಬೆಲೆ ಹದಿನಾಲ್ಕು ಸಾವಿರ ರೂಪಾಯಿ. ಇದನ್ನು ಮನೆಯಲ್ಲಿ ಹೇಳಲಿಲ್ಲ. ೨೦೨೩ರ ಮಾರ್ಚಿಯಲ್ಲಿ ಒಂದು ಮಧ್ಯಾಹ್ನ, ಹೆಂಗಸರು ಮಲಗಿದ್ದ ಸಮಯದಲ್ಲಿ, ನಾನೂ ನನ್ನ ಸೋದರಳಿಯನೂ ಅದನ್ನು ಜೋಡಿಸಿದೆವು. ಬೀಗ ಹಾಕಿ ಹತ್ತು ನಿಮಿಷ ಕಾದು, ಗಣಕಯಂತ್ರವು ನಿದ್ದೆ ಹೋದ ಮೇಲೆಯೇ ವೈರಿಗೆ ಕೈ ಹಾಕಬೇಕೆಂದು ಅದರ ಕಾಗದದಲ್ಲಿ ಬರೆದಿದ್ದಿತು. ಇಲ್ಲವಾದರೆ ಎಚ್ಚರಿಕೆಯ ದೀಪ ಹತ್ತುವುದಂತೆ. ಹುಡುಗನು ಅಂಗಾತ ಮಲಗಿ ತಲೆಯನ್ನು ಪೆಡಲುಗಳ ನಡುವೆ ತೂರಿಸಿ, ಒಂದು ಕೊಂಡಿಯನ್ನು ಕಿತ್ತು ಎರಡನ್ನು ಸಿಕ್ಕಿಸಿದನು. ಬೆಂಕಿಪೊಟ್ಟಣದಷ್ಟು ದೊಡ್ಡ ಗುಂಡಿಹಲಗೆಯೊಂದನ್ನು ಸ್ಟಿಯರಿಂಗಿನ ಕೆಳಗೆ, ಕಣ್ಣಿಗೆ ಬೀಳದಂತೆ ಅಂಟಿಸಿದೆವು. ಅದರಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಮೆಟ್ಟಿಲುಗಳು.

ಅಂದು ಸಂಜೆ ಚಾಮುಂಡಿ ಬೆಟ್ಟವನ್ನು ಹತ್ತಿದುದನ್ನು ನಾನು ಮರೆಯಲಾರೆನು. ಕಾಲಿಟ್ಟೊಡನೆ ಬಂಡಿಯು ಓಗೊಟ್ಟಿತು. ತಿರುವು ಮುಗಿಯುತ್ತಿದ್ದಂತೆಯೇ ಎಳೆಯುವುದು, ಬಿಟ್ಟೊಡನೆ ತಗ್ಗುವುದು. ನನಗೆ ಇಪ್ಪತ್ತರ ಪ್ರಾಯ ಮರಳಿದಂತಾಯಿತು. ನಂದಿಯ ಹತ್ತಿರ ನಿಲ್ಲಿಸಿ ಊರಿನ ದೀಪಗಳನ್ನು ನೋಡುತ್ತ, ಇಷ್ಟು ದಿನ ನಾನು ಕಾರನ್ನು ಬೈದುದು ಅನ್ಯಾಯವಾಯಿತೆಂದುಕೊಂಡೆನು.

ನನ್ನ ಸೋದರಳಿಯನು ಮಾತ್ರ ಲೆಕ್ಕದ ಮನುಷ್ಯ. ಮರುದಿನ ಮುಂಜಾನೆ ಬರಿದಾದ ನೇರ ರಸ್ತೆಯಲ್ಲಿ, ಪೆಡಲನ್ನು ಪೂರ್ತಿ ಒತ್ತಿ, ನಲವತ್ತರಿಂದ ಎಂಬತ್ತು ಕಿಲೋಮೀಟರಿನ ವೇಗಕ್ಕೆ ಏರಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ನೋಡಿದನು. ಡಬ್ಬಿಯು ಸೊನ್ನೆಯಲ್ಲಿದ್ದಾಗಲೂ ಒಂಬತ್ತರಲ್ಲಿದ್ದಾಗಲೂ ಗಡಿಯಾರ ಒಂದೇ ಉತ್ತರವನ್ನು ಕೊಟ್ಟಿತು. ನಿಂತಲ್ಲಿಂದ ಹೊರಡುವಾಗಿನ ತಡದಲ್ಲಿಯೂ ಟರ್ಬೋ ಚಕ್ರವು ತಿರುಗಿ ವೇಗ ಹಿಡಿಯುವ ಹೊತ್ತು, ತನ್ನಷ್ಟಕ್ಕೆ ಬದಲಾಯಿಸಿಕೊಳ್ಳುವ ಗೇರಿನ ಪೆಟ್ಟಿಗೆಯು ಕ್ಲಚ್ಚನ್ನು ಕೂಡಿಸುವ ಹೊತ್ತು, ಇವೆರಡೂ ಹಾಗೆಯೇ ಇದ್ದುವು. ಅರ್ಜಿಯ ಮೆತ್ತಗಿನ ಭಾಗವಷ್ಟೇ ಹೋಗಿದ್ದಿತು. "ಶಕ್ತಿ ಏನೂ ಹೆಚ್ಚಾಗಿಲ್ಲ ಮಾವ, ಹಾಗೆ ಅನ್ನಿಸುತ್ತೆ ಅಷ್ಟೆ" ಎಂದನು. ಅನ್ನಿಸಿದರೆ ಸಾಲದೆ ಎಂದು ನಾನು ವಾದಿಸಿದೆನು. ಈಗಲೂ ಆ ವಾದವನ್ನು ಪೂರ್ತಿಯಾಗಿ ಬಿಟ್ಟಿಲ್ಲ.

ಇಲ್ಲಿ ನನ್ನಾಕೆಯ ವಿಷಯವನ್ನು ಹೇಳಬೇಕು. ಆಕೆ ಬಂಡಿ ಹೊಡೆಯಲು ಕಲಿತದ್ದು ೨೦೨೧ರಲ್ಲಿ, ತನ್ನ ನಲವತ್ತೇಳನೆಯ ವಯಸ್ಸಿನಲ್ಲಿ, ಇದೇ ಕಾರಿನಲ್ಲಿ. ಅತ್ತೆಯವರು ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ವಾರಕ್ಕೆ ಎರಡು ದಿನ ಅವರನ್ನು ವ್ಯಾಯಾಮ ಚಿಕಿತ್ಸೆಗೆ ಕರೆದೊಯ್ಯಬೇಕಾಗಿದ್ದಿತು. ನನಗೆ ಕಛೇರಿ. ಆಟೋದ ಕುಲುಕಾಟಕ್ಕೆ ಮುದುಕಿ ನರಳುವುದನ್ನು ನೋಡಲಾರದೆ, "ನಾನೇ ಕಲಿಯುತ್ತೇನೆ" ಎಂದು ಹೊರಟವಳು ಅವಳು. ಕಲಿತಳು. ಮೂರು ತಿಂಗಳು ನೆರೆಮನೆಯವರ ನಗೆಯನ್ನೂ ನನ್ನ ಕೂಗಾಟವನ್ನೂ ಸಹಿಸಿಕೊಂಡು ಕಲಿತಳು. ಪೆಡಲನ್ನು ಅವಳು ಒತ್ತುವುದೆಂದರೆ ಹಾಲು ಉಕ್ಕದಂತೆ ಒಲೆಯ ಉರಿಯನ್ನು ತಗ್ಗಿಸಿ ಏರಿಸುವ ಹಾಗೆ. ಅವಳ ಕಾಲಿಗೆ ಆ ಮೆತ್ತಗಿನ ಮೊದಲ ಭಾಗವೇ ಆಧಾರ. ಇದು ನನಗೆ ಚೆನ್ನಾಗಿ ತಿಳಿದಿದ್ದಿತು. ಆದುದರಿಂದಲೇ ಪ್ರತಿ ರಾತ್ರಿ ಡಬ್ಬಿಯನ್ನು ಸೊನ್ನೆಗೆ ಇಳಿಸಿ ಬರುವುದೆಂದು ನನ್ನಲ್ಲೇ ನಿಯಮ ಮಾಡಿಕೊಂಡಿದ್ದೆನು.

ಒಂದು ರಾತ್ರಿ ಮರೆತೆನು.

ಮರುದಿನ ಸಂಜೆ ಕಛೇರಿಯಿಂದ ಬಂದಾಗ ಕಾರಿನ ಕೀಲಿಯು ಮೊಳೆಗೆ ನೇತಾಡುತ್ತಿದ್ದಿತು. ಕಾರು ನಿಂತಲ್ಲಿಯೇ ಇದ್ದಿತು. ನನ್ನಾಕೆಯು ಕಾಫಿ ಕೊಟ್ಟು ಹೇಳಿದಳು: ಬೆಳಿಗ್ಗೆ ಗೇಟಿನಿಂದ ಹೊರಕ್ಕೆ ತೆಗೆಯುವಾಗ ಬಂಡಿಯು ಒಮ್ಮೆಗೆ ನೆಗೆಯಿತು. ಸೊಪ್ಪಿನವಳು ಬುಟ್ಟಿಯನ್ನು ಇಳಿಸಿಕೊಂಡು ಎದುರಿಗೇ ಕುಳಿತಿದ್ದಳು. ಬ್ರೇಕಿನ ಮೇಲೆ ಎರಡೂ ಕಾಲುಗಳನ್ನು ಇಟ್ಟು ನಿಲ್ಲಿಸಿದಾಗ ಬುಟ್ಟಿಗೂ ಬಂಡಿಗೂ ನಡುವೆ ಒಂದು ಗೇಣು ಉಳಿದಿದ್ದಿತು. ಯಾರಿಗೂ ಏನೂ ಆಗಲಿಲ್ಲ. ಅಮ್ಮನನ್ನು ಆಟೋದಲ್ಲಿ ಕರೆದುಕೊಂಡು ಹೋಗಿಬಂದೆ. "ಇನ್ನು ನಾನು ಗಾಡಿ ಮುಟ್ಟುವುದಿಲ್ಲ ರೀ. ನನಗೆ ವಯಸ್ಸಾಯಿತು. ಕಾಲು ಎಲ್ಲಿಟ್ಟೆ, ಎಷ್ಟು ಒತ್ತಿದೆ ಅನ್ನೋದೇ ತಿಳಿಯಲಿಲ್ಲ" ಎಂದಳು.

ಆ ಕ್ಷಣದಲ್ಲಿ ನಾನು ಬಾಯಿ ತೆರೆಯಬೇಕಾಗಿದ್ದಿತು. ತೆರೆಯಲಿಲ್ಲ. "ಹೋಗಲಿ ಬಿಡು, ಯಾರಿಗೂ ಪೆಟ್ಟಾಗಲಿಲ್ಲವಲ್ಲ" ಎಂದು ದೊಡ್ಡ ಮನಸ್ಸಿನವನಂತೆ ಸಮಾಧಾನ ಹೇಳಿದೆನು. ಹದಿನಾಲ್ಕು ಸಾವಿರದ ಮಾತು ಹೊರಗೆ ಬರುವುದೆಂಬ ಭಯ ಒಂದು. ತಪ್ಪು ನನ್ನದೆಂದು ಒಪ್ಪಿಕೊಳ್ಳುವ ನಾಚಿಕೆ ಇನ್ನೊಂದು. ರಾತ್ರಿ ಎಲ್ಲರೂ ಮಲಗಿದ ಮೇಲೆ ಕಳ್ಳನಂತೆ ಹೋಗಿ ಡಬ್ಬಿಯನ್ನು ಸೊನ್ನೆಗೆ ಇಳಿಸಿದೆನು. ಅಂದು ಮಂಗಳವಾರ. ಶುಕ್ರವಾರವೂ ಆಟೋ ಬಂದಿತು. ಅತ್ತೆಯವರನ್ನು ಇಬ್ಬರು ಹಿಡಿದು ಹತ್ತಿಸಿದುದನ್ನೂ, ಸೊಂಟ ತಾಗಿದಾಗ ಅವರು ತುಟಿ ಕಚ್ಚಿಕೊಂಡುದನ್ನೂ ಕಛೇರಿಗೆ ಹೊರಟಿದ್ದ ನಾನು ಜಗಲಿಯ ಮೇಲಿನಿಂದ ನೋಡಿದೆನು.

ಅಂದು ರಾತ್ರಿ ಊಟವಾದ ಮೇಲೆ ಎಲ್ಲವನ್ನೂ ಹೇಳಿದೆನು. ಬೆಲೆಯನ್ನು ಸಹ.

ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಹಣದ ಮಾತನ್ನು ಎತ್ತಲೇ ಇಲ್ಲ. "ಮೂರು ರಾತ್ರಿ ನನ್ನ ಕಾಲೇ ತಪ್ಪಿತು ಅಂತ ನಿದ್ದೆ ಮಾಡಿಲ್ಲ. ಪಕ್ಕದಲ್ಲೇ ಮಲಗಿದ್ದಿರಿ" ಎಂದಳು. ಇದಕ್ಕೆ ನಾನು ಏನು ಉತ್ತರ ಹೇಳಬಹುದಾಗಿದ್ದಿತು? ಎರಡು ದಿನ ಮನೆಯಲ್ಲಿ ಬೇಕಾದಷ್ಟಕ್ಕೆ ಮಾತ್ರ ಮಾತು.

ಭಾನುವಾರ ಬೆಳಿಗ್ಗೆ, "ಎಲ್ಲಿದೆ ತೋರಿಸಿ" ಎಂದು ಬ್ಯಾಟರಿ ದೀಪ ಹಿಡಿದು ಬಂದಳು. ಹತ್ತು ನಿಮಿಷ ಕಾಯಬೇಕೆಂದೆನು, ಕಾದಳು. ಆಮೇಲೆ ಸೆರಗನ್ನು ಸಿಕ್ಕಿಸಿಕೊಂಡು ತಾನೇ ಬಗ್ಗಿ, ನಾನು ಹೇಳಿದ ಕೊಂಡಿಯನ್ನು ಅದುಮಿ ಕಿತ್ತಳು. ಡಬ್ಬಿಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿ, "ಇಷ್ಟೇನಾ?" ಎಂದಳು. ಹಳೆಯ ಕೊಂಡಿಯನ್ನು ಮೊದಲಿನಂತೆ ಕೂಡಿಸಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗೇಟಿನಿಂದ ಬಂಡಿಯನ್ನು ತೆಗೆದಳು. ಕೈ ನಡುಗುತ್ತಿದ್ದಿತು. ಬೀದಿಯ ಕೊನೆಯವರೆಗೆ ಹೋಗಿ ಹಿಂದಿರುಗಿದೆವು. ಅಷ್ಟೇ ದೂರವನ್ನು ಪ್ರತಿದಿನ ಸಂಜೆ ಹೋದೆವು. ಚಿಕಿತ್ಸೆಗೆ ಅತ್ತೆಯವರನ್ನು ಮತ್ತೆ ಕಾರಿನಲ್ಲಿ ಕರೆದೊಯ್ಯಲು ಮೂರು ವಾರಗಳು ಹಿಡಿದುವು.

ವರ್ತುಲ ರಸ್ತೆಯ ತೊಂದರೆಗೆ ಕಾರಿನಲ್ಲಿಯೇ ಅರ್ಧ ಮದ್ದು ಇದ್ದಿತೆಂಬುದು ಆಮೇಲೆ ತಿಳಿಯಿತು. ಗೇರಿನ ಹಿಡಿಯನ್ನು ಎಸ್ ಎಂಬ ಅಕ್ಷರಕ್ಕೆ ಎಳೆದುಕೊಂಡರೆ ಅದು ಕೆಳಗಿನ ಗೇರನ್ನು ಬಿಡದೆ ಹಿಡಿದುಕೊಳ್ಳುತ್ತದೆ. ಇಂಜಿನು ವೇಗವಾಗಿ ತಿರುಗುತ್ತಿರುವುದರಿಂದ ಟರ್ಬೋ ಚಕ್ರಕ್ಕೂ ಬೇಗ ಎಚ್ಚರವಾಗುತ್ತದೆ. ಉರುಳುತ್ತಿರುವಾಗ ಇದರಿಂದ ಬಹಳ ಉಪಯೋಗ. ಪೂರ್ತಿ ನಿಂತು ಹೊರಡುವಾಗ ಅಷ್ಟಿಲ್ಲ. ಆಗ ದೊಡ್ಡ ಸಂದು ಸಿಗುವವರೆಗೆ ಕಾಯಬೇಕು. ನನ್ನಾಕೆಯು ಮೊದಲಿನಿಂದಲೂ ಕಾಯುತ್ತಿದ್ದಳು.

ಡಬ್ಬಿಯನ್ನು ಮಾರಲಿಲ್ಲ. ತಿಂಗಳಿಗೊಂದು ಭಾನುವಾರ, ನಾನೊಬ್ಬನೇ ಬೆಟ್ಟಕ್ಕೆ ಹೋಗುವ ಮುಂಜಾನೆ, ಅದನ್ನು ಸಿಕ್ಕಿಸಿಕೊಳ್ಳುತ್ತೇನೆ. ಬಂದ ಮೇಲೆ ಹತ್ತು ನಿಮಿಷ ಕಾದು ಕೀಳುತ್ತೇನೆ. ಅದು ಈಗ ಇರುವುದು ಅಡಿಗೆಮನೆಯ ಗೂಡಿನಲ್ಲಿ, ಅವಳ ಕಣ್ಣೆದುರಿಗೆ, ಸಾಸಿವೆಯ ಡಬ್ಬಿಯ ಪಕ್ಕದಲ್ಲಿ. ಮಂಗಳವಾರ ಬೆಳಿಗ್ಗೆ ಕೀಲಿಯನ್ನು ಮೊಳೆಯಿಂದ ತೆಗೆಯುವ ಮುಂಚೆ ಆಕೆ ಒಮ್ಮೆ ಆ ಗೂಡಿನ ಕಡೆಗೆ ನೋಡುತ್ತಾಳೆ. ಅಲ್ಲಿ ಡಬ್ಬಿ ಕಂಡರೂ, ಕಛೇರಿಗೆ ಹೊರಟ ನನ್ನನ್ನು ಬಾಗಿಲಲ್ಲಿ ತಡೆದು, "ಕಿತ್ತಿದ್ದೀರಿ ತಾನೆ?" ಎಂದು ಕೇಳದೆ ಹೋಗುವುದಿಲ್ಲ.