ಬೀದಿಯ ನೆರಳನ್ನೇ ನುಂಗಿದ ದುಂಬಿ

ಅಮೆರಿಕದ ಬಾಸ್ಟನ್ ನಗರದಿಂದ ಪಶ್ಚಿಮಕ್ಕೆ ಸುಮಾರು 65 ಕಿ.ಮೀ. ಸಾಗಿದರೆ ವೂಸ್ಟರ್ ಸಿಗುತ್ತದೆ. ಏಳು ಗುಡ್ಡಗಳ ಊರೆಂದು ಹೆಸರಾದ ಈ ನಗರ ಒಂದು ಕಾಲಕ್ಕೆ ತಂತಿ ಮತ್ತು ಯಂತ್ರೋಪಕರಣಗಳ ಕಾರ್ಖಾನೆಗಳಿಗೆ ಪ್ರಸಿದ್ಧವಾಗಿತ್ತು. ಅದರ ಉತ್ತರ ಭಾಗದ ಗ್ರೀನ್‌ಡೇಲ್, ಬರ್ನ್‌ಕೋಟ್ ಬಡಾವಣೆಗಳ ಹಲವು ಬೀದಿಗಳಲ್ಲಿ ಮನೆಗಳು ಹಳೆಯವು, ಮರಗಳು ಮಾತ್ರ ಎಳೆಯವು. ಇದರ ಹಿಂದೆ ಒಂದೂವರೆ ಅಂಗುಲ ಮೀರದ ದುಂಬಿಯೊಂದರ ಕತೆ ಇದೆ.

2008ರ ಆಗಸ್ಟ್‌ನಲ್ಲಿ ಇಲ್ಲಿನ ಮಹಿಳೆಯೊಬ್ಬರ ಹಿತ್ತಲಲ್ಲಿ ವಿಚಿತ್ರವಾದ ದುಂಬಿ ಕಾಣಿಸಿತು. ಹೊಳೆಯುವ ಕಪ್ಪು ಮೈ, ಅದರ ಮೇಲೆ ಬಿಳಿ ಚುಕ್ಕೆಗಳು, ಮೈಗಿಂತ ಉದ್ದವಾದ ಕಪ್ಪು-ಬಿಳಿ ಪಟ್ಟೆಯ ಮೀಸೆಗಳು. ಅವರು ಅದನ್ನು ನೋಡಿ ಸುಮ್ಮನಾಗಲಿಲ್ಲ. ಯಾವ ಹುಳುವೆಂದು ಹುಡುಕಿ ಅಧಿಕಾರಿಗಳಿಗೆ ತಿಳಿಸಿದರು. ಅದು ಏಷ್ಯಾದ ಉದ್ದಮೀಸೆ ದುಂಬಿ. ಚೀನಾ ಮತ್ತು ಕೊರಿಯಾ ಅದರ ತವರು. ಸರಕು ತುಂಬುವ ಮರದ ಪೆಟ್ಟಿಗೆಗಳೊಳಗೆ ಕುಳಿತು ಅಮೆರಿಕಕ್ಕೆ ಬಂದ ಈ ಹುಳು ಅಲ್ಲಿ ಮೊದಲು ಪತ್ತೆಯಾದದ್ದು 1996ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ವೂಸ್ಟರ್‌ನಲ್ಲಿ ಅದು ಯಾರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ಬೇರೂರಿತ್ತು.

ಹೆಣ್ಣು ದುಂಬಿ ತೊಗಟೆಯನ್ನು ಕಚ್ಚಿ ಗುಳಿ ಮಾಡಿ ಮೊಟ್ಟೆ ಇಡುತ್ತದೆ. ಹೊರಬಂದ ಮರಿಹುಳು ಮೊದಲು ತೊಗಟೆಯಡಿಯ ಮೆದು ಭಾಗವನ್ನು ತಿಂದು, ಆಮೇಲೆ ಕಾಂಡದ ಒಳಕ್ಕೆ ಸುರಂಗ ಕೊರೆಯುತ್ತದೆ. ಒಂದೆರಡು ವರ್ಷದಲ್ಲಿ ದುಂಬಿಯಾಗಿ, ಪೆನ್ಸಿಲ್ ತೂರುವಷ್ಟು ದುಂಡನೆಯ ತೂತು ಮಾಡಿ ಹೊರಬರುತ್ತದೆ. ಹೊರಗೆ ಹಸಿರಾಗಿ ಕಾಣುವ ಮರ ಒಳಗೊಳಗೇ ಟೊಳ್ಳಾಗುತ್ತದೆ. ಕೊಡಗು, ಚಿಕ್ಕಮಗಳೂರಿನ ಅರೇಬಿಕಾ ಬೆಳೆಗಾರರ ನಿದ್ದೆಗೆಡಿಸುವ ಬಿಳಿ ಕಾಂಡಕೊರಕವೂ ಇದೇ ಕುಟುಂಬದ್ದು.

ವೂಸ್ಟರ್ ಈ ಹುಳುವಿಗೆ ಹಬ್ಬದೂಟವಾದದ್ದೇಕೆ? 1953ರ ಜೂನ್ 9ರಂದು ಭೀಕರ ಸುಂಟರಗಾಳಿಯೊಂದು ನಗರದ ಉತ್ತರ ಭಾಗವನ್ನೂ ಸುತ್ತಲ ಊರುಗಳನ್ನೂ ಸೀಳಿ ಹೋಗಿತ್ತು. 94 ಜನ ಸತ್ತರು; ಮನೆಗಳೊಂದಿಗೆ ಮರಗಳೂ ನೆಲಕಚ್ಚಿದವು. ಊರನ್ನು ಮತ್ತೆ ಕಟ್ಟಿದವರು ಬೀದಿಯುದ್ದಕ್ಕೂ ಬೇಗ ನೆರಳು ಕೊಡುವ ಮೇಪಲ್ ನೆಟ್ಟರು. ಐವತ್ತು ವರ್ಷಗಳಲ್ಲಿ ಅವು ಮನೆಗಳ ಮೇಲೆ ಚಪ್ಪರ ಹಾಕಿದವು. ದುಂಬಿಗೆ ಅತ್ಯಂತ ಪ್ರಿಯವಾದ ಮರವೂ ಮೇಪಲ್ಲೇ! ಚೀನಾದಲ್ಲೂ ಸಾಲುಸಾಲಾಗಿ ನೆಟ್ಟ ಪಾಪ್ಲರ್ ತೋಪುಗಳಲ್ಲೇ ಇದರ ಹಾವಳಿ ವಿಪರೀತವಾಗಿತ್ತು.

ಹುಳು ಹೊಕ್ಕ ಮರವನ್ನು ಉಳಿಸಲು ದಾರಿಯಿರಲಿಲ್ಲ. ಬಿಟ್ಟರೆ ಅದು ಕೆನಡಾದವರೆಗೆ ಹಬ್ಬಿದ ಕಾಡುಗಳಿಗೆ ನುಗ್ಗುವ ಭಯ. ಶರತ್ಕಾಲದಲ್ಲಿ ಕೆಂಪೇರಿ ಪ್ರವಾಸಿಗರನ್ನು ಸೆಳೆಯುವ, ಸಿಹಿ ಪಾನಕಕ್ಕೆ ರಸ ಕೊಡುವ ಮೇಪಲ್‌ಗಳು ಅಲ್ಲಿವೆ. ಹೀಗಾಗಿ ಗರಗಸಗಳು ಸದ್ದು ಮಾಡಿದವು. ವೂಸ್ಟರ್ ಮತ್ತು ನೆರೆಯ ಊರುಗಳಲ್ಲಿ ಕೆಲವೇ ವರ್ಷಗಳಲ್ಲಿ 30,000ಕ್ಕೂ ಹೆಚ್ಚು ಮರಗಳು ಉರುಳಿದವು. ಕೆಲವು ಬೀದಿಗಳಲ್ಲಿ ಒಂದು ಮರವೂ ಉಳಿಯಲಿಲ್ಲ. ಬೇಸಿಗೆಯಲ್ಲಿ ತಂಪಾಗಿದ್ದ ಮನೆಗಳು ಬಿಸಿಲಿಗೆ ಬೆತ್ತಲಾದವು.

ದುಂಬಿ ತಾನಾಗಿ ಬಹುದೂರ ಹಾರುವುದಿಲ್ಲ. ಅದನ್ನು ದೂರ ಒಯ್ಯುವುದು ಮನುಷ್ಯ ಸಾಗಿಸುವ ಸೌದೆ. ಅದಕ್ಕೇ ಸುಮಾರು 285 ಚದರ ಕಿ.ಮೀ. ಪ್ರದೇಶದಿಂದ ಸೌದೆ ಹೊರಗೆ ಹೋಗದಂತೆ ನಿರ್ಬಂಧ ಬಂತು. ತನಿಖೆಯವರು ಮರ ಹತ್ತಿ ರೆಂಬೆರೆಂಬೆ ಪರೀಕ್ಷಿಸಿದರು. ಮನೆಯ ಈಜುಕೊಳದ ಜಾಲರಿಯಲ್ಲಿ ದುಂಬಿ ಸಿಕ್ಕಿದೆಯೇ ನೋಡಿ ಎಂದು ಅಮೆರಿಕದಲ್ಲಿ ನಾಗರಿಕರನ್ನು ಕೋರುವುದೂ ಉಂಟು.

2009ರಲ್ಲಿ ಸಸಿ ನೆಡುವ ಸಂಸ್ಥೆಯೊಂದು ಹುಟ್ಟಿಕೊಂಡಿತು. ಐದು ವರ್ಷದಲ್ಲಿ 30,000 ಸಸಿ ನೆಡುವ ಗುರಿ 2014ರಲ್ಲಿ ಈಡೇರಿತು. ಈ ಬಾರಿ ಒಂದೇ ಜಾತಿಯಲ್ಲ. ದುಂಬಿ ಮುಟ್ಟದ ಓಕ್ ಮೊದಲಾದ ಬಗೆಬಗೆಯ ಮರಗಳು. ಅವು ಹಳೆಯ ಮೇಪಲ್‌ಗಳಂತೆ ಬೀದಿಗೆ ಚಪ್ಪರ ಹಾಕಲು ದಶಕಗಳೇ ಬೇಕು. ಅಂದು ನೆಟ್ಟ ಹಿರಿಯರಿಗೆ ಆ ನೆರಳು ದಕ್ಕುವುದೋ ಇಲ್ಲವೋ, ಅವರ ಮಕ್ಕಳಿಗಂತೂ ದಕ್ಕಬಹುದು. ಹಿತ್ತಲಲ್ಲಿ ಕಂಡ ಹುಳುವನ್ನು ನಿಂತು ನೋಡುವ ಕುತೂಹಲ ಆ ಮಕ್ಕಳಿಗೂ ಇರಬೇಕು, ಅಷ್ಟೆ.