ನೆರೆ ಇಳಿದ ಮೇಲೆ

ಮೊನ್ನೆ ಭಾನುವಾರ ಮಳೆಗಾಲಕ್ಕೆ ಮೊದಲು ಕಪಾಟಿನ ಪುಸ್ತಕಗಳನ್ನೆಲ್ಲ ಬಿಸಿಲಿಗೆ ಹಾಕುತ್ತಿದ್ದೆವು. ಏಳನೇ ಕ್ಲಾಸಿನ ಪುಳ್ಳಿಗೆ ನನ್ನದೊಂದು ಹಳೆಯ ಉದ್ದ ನೋಟ್‌ಬುಕ್ ಸಿಕ್ಕಿತು. ಎರಡು ಪುಟ ತಿರುಗಿಸಿದವಳೇ ನಗಲಿಕ್ಕೆ ಸುರು ಮಾಡಿದಳು.

“ಅಜ್ಜಾ, ಇದೆಂತ ಲೆಕ್ಕ? ‘ಕನ್ನಡಕ ಒಂದು, ಬಿ.ಪಿ. ಮಾತ್ರೆ ಹತ್ತು ದಿವಸಕ್ಕೆ, ಆರನೇ ಕ್ಲಾಸಿನ ಗಣಿತ ಪುಸ್ತಕ, ಗಂಗೆ ಎಂಬ ದನ, ಕೆಂಪು ಬಣ್ಣ, ಹಣೆಯಲ್ಲಿ ಬಿಳಿ ಬೊಟ್ಟು.’ ಯಾವ ಅಂಗಡಿಯಲ್ಲಿ ಇದೆಲ್ಲ ಒಟ್ಟಿಗೆ ಸಿಗ್ತದೆ? ಎಲ್ಲದಕ್ಕೂ ಟಿಕ್ ಹಾಕಿದ್ದೀರಿ, ದನಕ್ಕೆ ಮಾತ್ರ ಇಲ್ಲ.”

ಅವಳಿಗೆ ಹೇಳಿದ ಕತೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳೂ ಓದಬಹುದು, ನನ್ನ ಪ್ರಾಯದವರೂ ಓದಬಹುದು.

ನಾನು ಬಿ.ಕಾಂ. ಮುಗಿಸಿ ಬ್ಯಾಂಕಿಗೆ ಸೇರಿ ಮೂವತ್ತೆಂಟು ವರ್ಷ ಗುಮಾಸ್ತನಾಗಿದ್ದವ. ಕಂಪ್ಯೂಟರ್ ಬರುವ ಮೊದಲು ದೊಡ್ಡ ದೊಡ್ಡ ಲೆಡ್ಜರುಗಳಲ್ಲಿ ಕೈಯಲ್ಲೇ ಲೆಕ್ಕ ಬರೆಯುತ್ತಿದ್ದೆವು. ಸಂಜೆ ಹತ್ತು ಪೈಸೆ ವ್ಯತ್ಯಾಸ ಬಂದರೂ ಅದು ಸಿಗುವವರೆಗೆ ಮನೆಗೆ ಹೋಗುವಂತಿಲ್ಲ. ನಿವೃತ್ತನಾಗಿ ಸುಬ್ರಹ್ಮಣ್ಯಕ್ಕೆ ಬಂದಮೇಲೆ ಈ ವಿದ್ಯೆ ಇನ್ನು ಯಾರಿಗೂ ಬೇಡ ಎಂದುಕೊಂಡಿದ್ದೆ.

ನಮ್ಮ ಕಡೆಯವರಿಗೆ ನೆರೆ ಹೊಸತಲ್ಲ. ಕುಮಾರಧಾರೆ ನಮ್ಮೂರು ದಾಟಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತಾಳೆ. 1923ರಲ್ಲಿ ಬಂದ ದೊಡ್ಡ ನೆರೆಗೆ ತುಳುವಿನಲ್ಲಿ ‘ಮಾರಿ ಬೊಳ್ಳ’ ಎಂದೇ ಹೆಸರು. ನಮ್ಮ ಅಪ್ಪ ಆ ಕತೆಯನ್ನು ಹೇಳುವಾಗ ಈಗಲೂ ನೀರು ಅಂಗಳದಲ್ಲಿ ಉಂಟೇನೋ ಎಂಬಂತೆ ಬಾಗಿಲ ಕಡೆ ನೋಡುತ್ತಿದ್ದರು. 1974ರ ನೆರೆಯನ್ನು ನಾನೇ ಕಂಡಿದ್ದೇನೆ. ಆದರೆ ಹೊಳೆ ಏರುವುದು ಬೇರೆ, ಗುಡ್ಡವೇ ಇಳಿದು ಬರುವುದು ಬೇರೆ. ಅದನ್ನು ನೋಡಿದ್ದು 2018ರಲ್ಲಿ.

ಆ ವರ್ಷ ಆಗಸ್ಟ್ 15ಕ್ಕೆ ನಾಗರಪಂಚಮಿ. ಮಳೆ ಬಿಡಲೇ ಇಲ್ಲ. 16ರ ಸಂಜೆ ಟಿ.ವಿ.ಯಲ್ಲಿ ವಾಜಪೇಯಿಯವರು ತೀರಿಕೊಂಡ ಸುದ್ದಿ. ಅದನ್ನು ನೋಡುತ್ತಿರುವಾಗಲೇ ಕರೆಂಟು ಹೋಯಿತು. ಅದೇ ಹೊತ್ತಿಗೆ ಕೊಡಗಿನಲ್ಲಿ ಗುಡ್ಡಗಳು ಜಾರತೊಡಗಿದ್ದವು. ಸಂಪಾಜೆಯಿಂದ ಮಡಿಕೇರಿಗೆ ಹತ್ತುವ ಘಾಟಿಯಲ್ಲಿ ಜೋಡುಪಾಲ ಎಂಬ ಊರಿದೆ. ಅಲ್ಲಿ ಮಣ್ಣು, ಮರ, ಬಂಡೆ ಎಲ್ಲ ಒಟ್ಟಾಗಿ ಮನೆಗಳ ಮೇಲೆ ಬಂತು. ಹೆದ್ದಾರಿ ಕಡಿದುಹೋಯಿತು. ಮಡಿಕೇರಿ ಕಡೆಗೆ ಹತ್ತಲು ದಾರಿಯಿಲ್ಲದವರು ಕೆಳಗೆ ನಮ್ಮ ಸುಳ್ಯ ತಾಲೂಕಿನ ಕಡೆಗೇ ಇಳಿಯಬೇಕಾಯಿತು. ಸಂಪಾಜೆ, ಕಲ್ಲುಗುಂಡಿ, ಅರಂತೋಡುಗಳಲ್ಲಿ ಪರಿಹಾರ ಕೇಂದ್ರಗಳು ತೆರೆದವು.

ನನ್ನ ಅಳಿಯ ಆ ಕಡೆ ಮೇಷ್ಟ್ರು. 18ರ ಬೆಳಿಗ್ಗೆ ಅವನ ಫೋನು. “ಮಾವ, ನಮ್ಮ ಶಾಲೆಯಲ್ಲಿ ಇನ್ನೂರರ ಹತ್ತಿರ ಜನ ಇದ್ದಾರೆ. ಸಾಮಾನು ಬರ್ತಾ ಉಂಟು, ಲೆಕ್ಕ ಬರೆಯಲಿಕ್ಕೆ ಜನ ಇಲ್ಲ. ನಿಮಗೆ ಬರ್ಲಿಕ್ಕೆ ಆಗ್ತದಾ?”

ಗುತ್ತಿಗಾರು ದಾರಿಯಾಗಿ ಸುಳ್ಯಕ್ಕೆ ಹೋಗಿ ಅಲ್ಲಿಂದ ಮೇಲೆ ಹತ್ತಿದೆ. ರಸ್ತೆಯ ಪಕ್ಕದ ಪಯಸ್ವಿನಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ನೀರಿನಲ್ಲಿ ಬೇರು ಸಮೇತ ಮರಗಳು, ಒಂದು ಬಾಗಿಲು, ಒಂದು ಅಡಿಕೆ ಬುಟ್ಟಿ. ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ.

ಶಾಲೆಯ ಜಗಲಿಯಲ್ಲಿ ಬೆಂಚು ಹಾಕಿ ಕುಳಿತೆ. ಹಳೆಯ ಉಮೇದು ಬಂತು ನೋಡಿ! ಯಾರು ತಂದರು, ಏನು ತಂದರು, ಎಷ್ಟು, ಎಷ್ಟು ಗಂಟೆಗೆ, ಯಾರಿಗೆ ಕೊಟ್ಟೆವು ಎಲ್ಲ ಬರೆದೆ. ಸುಳ್ಯ, ಪುತ್ತೂರು, ಮಂಗಳೂರಿನಿಂದ ಜೀಪು, ಪಿಕಪ್ಪು, ಲಾರಿ ಬರುತ್ತಲೇ ಇದ್ದವು. ಯಾರೂ ಜಾತಿ, ಧರ್ಮ ಕೇಳಲಿಲ್ಲ. ಕೆಲವರು ಹೆಸರು ಬರೆಸಲೂ ನಿಲ್ಲಲಿಲ್ಲ. ಬಟ್ಟೆ ಬೇಕೆಂದು ಯಾರೋ ಹೇಳಿದರು, ನಾನೂ ನೆಂಟರಿಷ್ಟರಿಗೆಲ್ಲ ಫೋನಿನಲ್ಲಿ ಸಂದೇಶ ಕಳಿಸಿದೆ. ಮೂರನೇ ದಿನ ಸಂಜೆ ನನ್ನ ಪುಸ್ತಕದಲ್ಲಿ ಕಂಬಳಿ, ಬಿಸ್ಕತ್ತು, ಚಾಪೆ, ಬೈರಾಸು, ಅಕ್ಕಿ ಎಲ್ಲ ಟ್ಯಾಲಿ. ನನಗೆ ಬಹಳ ಸಮಾಧಾನವಾಯಿತು.

ಅದೇ ರಾತ್ರಿ ಊಟಕ್ಕೆ ಏಳುವಾಗ ಒಬ್ಬರು ಅಜ್ಜ ತಲೆತಿರುಗಿ ಬಿದ್ದರು. ನನ್ನದೇ ಪ್ರಾಯ. ನರ್ಸಮ್ಮ ಓಡಿಬಂದು ನೋಡಿದರೆ ಬಿ.ಪಿ. ಎಲ್ಲೋ ಏರಿತ್ತು. ಮನೆ ಬಿಡುವಾಗ ಮಾತ್ರೆ ಅಲ್ಲೇ ಉಳಿದುಹೋಗಿತ್ತು. ನಾಲ್ಕು ದಿನದಿಂದ ಮಾತ್ರೆಯೇ ತೆಗೆದುಕೊಂಡಿರಲಿಲ್ಲ. ಜೀಪಿನಲ್ಲಿ ಸುಳ್ಯಕ್ಕೆ ಕರೆದುಕೊಂಡು ಹೋದೆವು. ದೇವರ ದಯೆ, ಬದುಕಿದರು. ಮರುದಿನ ಹೋಗಿ, “ಅಲ್ಲ ಮಾರಾಯ್ರೆ, ಒಂದು ಮಾತು ಹೇಳಬಾರದಿತ್ತಾ?” ಎಂದೆ.

ಅವರು ನಿಧಾನಕ್ಕೆ ಹೇಳಿದರು: “ಎಲ್ಲರೂ ಕೊಡ್ತಾ ಇದ್ರು. ಕೊಡುವವರ ಹತ್ರ ಇದು ಬೇಡ, ಅದು ಬೇಕು ಅಂತ ಹೇಗೆ ಹೇಳುವುದು? ಎಂತ ಬೇಕು ಅಂತ ನೀವೂ ಕೇಳಲಿಲ್ಲ.”

ನಾನು ಹಿಂದೆ ಬಂದು ಪುಸ್ತಕ ತೆರೆದು ನೋಡಿದೆ. ಬಂದದ್ದಕ್ಕೆ ಕಲಂ ಇತ್ತು, ಕೊಟ್ಟದ್ದಕ್ಕೆ ಕಲಂ ಇತ್ತು. ಬೇಕಾದದ್ದಕ್ಕೆ ಕಲಂ ಇರಲಿಲ್ಲ. ಬ್ಯಾಂಕಿನಲ್ಲಿ ಜನ ಚೀಟಿ ಬರೆದು ತಮಗೆ ಎಷ್ಟು ಬೇಕೆಂದು ಹೇಳಿದಮೇಲೇ ನಾವು ಹಣ ಕೊಡುತ್ತಿದ್ದೆವು. ಇಲ್ಲಿ ಕೇಳದೆ ಕೊಟ್ಟು, ಲೆಕ್ಕ ಸರಿಯಾಯಿತೆಂದು ಬೀಗಿದ್ದೆ. ತಪ್ಪು ನನ್ನದೇ.

ಅದೇ ದಿನ ಈ ನೋಟ್‌ಬುಕ್ ತಂದೆ. ಮೇಲೆ ‘ಬೇಕು’ ಎಂದು ಬರೆದೆ. ಕೇಂದ್ರದಲ್ಲಿದ್ದ ಮಕ್ಕಳಲ್ಲಿ ನಾಲ್ವರನ್ನು ಕರೆದೆ. ಅವರಿಗೂ ಶಾಲೆಯಿಲ್ಲ, ಆಡಲಿಕ್ಕೆ ಮಳೆ ಬಿಡುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಚಾಪೆಯಿಂದ ಚಾಪೆಗೆ ಹೋಗಿ, ಪಕ್ಕದಲ್ಲಿ ಕುಳಿತು, “ನಿಮಗೆ ಎಂತ ಬೇಕು?” ಎಂದು ಕೇಳಿ ಬರೆಯಬೇಕು. ದೊಡ್ಡವರ ಹತ್ತಿರ ಬಾಯಿ ಬಿಡದ ಅಜ್ಜ ಅಜ್ಜಿಯರು ಮಕ್ಕಳ ಹತ್ತಿರ ಎಲ್ಲ ಹೇಳಿದರು. ಹೆಣ್ಣುಮಕ್ಕಳಿಗೆ ಬೇಕಾದ್ದನ್ನು ನನ್ನ ಹತ್ತಿರ ಹೇಳಲು ಸಂಕೋಚ ಇರುತ್ತದೆಂದು ಅವರ ಪುಟವನ್ನು ಒಬ್ಬ ಟೀಚರಮ್ಮನ ಕೈಗೇ ಕೊಟ್ಟೆ.

ಬಂದ ಪಟ್ಟಿ ನೋಡಿ ನನಗೆ ಆಶ್ಚರ್ಯ. ಬಟ್ಟೆ ಎಂದವರು ಮೂರೇ ಜನ, ಅದೂ ಒಳಉಡುಪು. ಹನ್ನೊಂದು ಜನರಿಗೆ ಮಾತ್ರೆ. ಒಬ್ಬರಿಗೆ ಕನ್ನಡಕ. ಫೋನ್ ಚಾರ್ಜರು. ಎಲೆ ಅಡಿಕೆ. ಬಂದ ಅಕ್ಕಿಯೆಲ್ಲ ಬೆಳ್ತಿಗೆ, ಮುದುಕರಿಗೆ ಬೇಕಾದದ್ದು ಕುಚ್ಚಲಕ್ಕಿ ಗಂಜಿ. ಎಷ್ಟೋ ಜನರ ಆಧಾರ್ ಕಾರ್ಡು, ಪಾಸ್‌ಬುಕ್ ಮಣ್ಣಿನಡಿಯಲ್ಲಿ. ಅದು ನನ್ನ ಕೆಲಸವೇ ಆಯಿತಲ್ಲ! ದಿನಕ್ಕೆ ಎಂಟು ಹತ್ತು ಅರ್ಜಿ ಬರೆದುಕೊಟ್ಟೆ. ಒಬ್ಬ ಹುಡುಗ ಗಣಿತ ಪುಸ್ತಕ ಕೇಳಿದ್ದ, ಅರ್ಧ ಮಾಡಿದ ಹೋಂವರ್ಕ್ ಮನೆಯಲ್ಲೇ ಉಳಿದಿತ್ತಂತೆ.

ಮತ್ತೆ ಒಬ್ಬರು ಅಜ್ಜಿ. ಅವರು ಹೇಳಿದ್ದು ಇಷ್ಟೇ: “ನನ್ನ ಗಂಗೆ ಹಟ್ಟಿಯಲ್ಲಿ ಉಂಟಾ ನೋಡಿ. ಹಗ್ಗ ಬಿಚ್ಚಿ ಬಂದಿದ್ದೆ.” ಹುಡುಗಿ ಅದನ್ನು ಹಾಗೆಯೇ ಬರೆದಳು, ಬಣ್ಣ, ಗುರುತು ಸಮೇತ. ಮೇಲೆ ಹೋಗಿ ಬರುತ್ತಿದ್ದ ಯುವಕರಿಗೆ ಪಟ್ಟಿಯ ಒಂದು ಪ್ರತಿ ಕೊಟ್ಟೆವು. ಇದೇ ಅಜ್ಜಿ ಸಾಲಿನಲ್ಲಿ ನಿಂತು ಸೀರೆ ತೆಗೆದುಕೊಳ್ಳಲು ಒಪ್ಪಿರಲಿಲ್ಲ. ಹೋದ ತಿಂಗಳವರೆಗೆ ಮನೆಗೆ ಬಂದವರಿಗೆ ಹಾಲು, ಮಜ್ಜಿಗೆ ಕೊಟ್ಟ ಕೈ ಅದು, ಚಾಚಲಿಕ್ಕೆ ಬರುವುದಿಲ್ಲ. ನನಗೆ ಬ್ಯಾಂಕಿನ ಹಿತ್ತಾಳೆ ಟೋಕನ್ ನೆನಪಾಯಿತು. ಟೋಕನ್ ಕೈಯಲ್ಲಿದ್ದರೆ ಗಿರಾಕಿ ನೆಮ್ಮದಿಯಿಂದ ಬೆಂಚಿನಲ್ಲಿ ಕೂರಬಹುದು. ರಟ್ಟು ಕತ್ತರಿಸಿ ನಂಬರು ಬರೆದು ಪ್ರತಿ ಮನೆಗೆ ಒಂದು ಕೊಟ್ಟೆವು. ಸಾಲು ಹೋಯಿತು. ನಂಬರು ಕರೆದಾಗ ಮಕ್ಕಳೇ ಚಾಪೆಯ ಹತ್ತಿರ ಸಾಮಾನು ಮುಟ್ಟಿಸಿದರು. ಅಜ್ಜಿಯ ಹತ್ತಿರ, “ಅಡುಗೆಗೆ ಜನ ಸಾಲದು, ಸ್ವಲ್ಪ ಬರ್ತೀರಾ?” ಎಂದೆ. ಮರುದಿನದಿಂದ ಗಂಜಿಯ ಹಂಡೆ ಅವರ ಯಜಮಾನಿಕೆಯಲ್ಲಿ.

ಇಷ್ಟರಲ್ಲಿ ನನ್ನ ಇನ್ನೊಂದು ತಪ್ಪು ಹೊರಗೆ ಬಂತು. ನಾನು ಮೊದಲ ದಿನ ಕಳಿಸಿದ್ದೆನಲ್ಲ, ಬಟ್ಟೆ ಬೇಕೆಂಬ ಸಂದೇಶ, ಅದರಲ್ಲಿ ತಾರೀಕು ಹಾಕಿರಲಿಲ್ಲ. ಅದು ಊರೂರು ಸುತ್ತುತ್ತಲೇ ಇತ್ತು. ವಾರ ಕಳೆದರೂ ಮೂಟೆ ಮೂಟೆ ಬಟ್ಟೆ ಬರುತ್ತಿತ್ತು. ಕೆಲವು ಹರಿದವು, ಕೆಲವು ಒಗೆಯದವು. ಇಡಲು ಜಾಗವಿಲ್ಲದೆ ಜಗಲಿಯಲ್ಲಿ ರಾಶಿ ಹಾಕಿದೆವು, ಎರಚಲಿಗೆ ನೆನೆದು ವಾಸನೆ ಬಂತು. ಅದನ್ನು ವಿಂಗಡಿಸಲಿಕ್ಕೇ ಆರು ಜನ ಎರಡು ದಿನ ಕೂರಬೇಕಾಯಿತು. ಒಳ್ಳೆಯ ಮನಸ್ಸಿನಿಂದ ಕಳಿಸಿದ್ದೇ, ಆದರೆ ಆ ಆರು ಜನ ಅಷ್ಟು ಹೊತ್ತು ಬೇರೆ ಕೆಲಸಕ್ಕೆ ಸಿಗಲಿಲ್ಲ.

ಊರಿಗೆ ಬಂದಮೇಲೆ ಮಗಳು ಒಂದು ವಿಷಯ ಓದಿ ಹೇಳಿದಳು. ಪರಿಹಾರ ಕೆಲಸ ಮಾಡುವ ಸಂಸ್ಥೆಗಳೆಲ್ಲ ಸೇರಿ ಮಾಡಿಕೊಂಡ ‘ಸ್ಫಿಯರ್’ ಎಂಬ ಕೈಪಿಡಿ ಇದೆಯಂತೆ. ಅದರ ಪ್ರಕಾರ ಒಬ್ಬರಿಗೆ ದಿನಕ್ಕೆ ಕಡಿಮೆಯೆಂದರೂ 15 ಲೀಟರ್ ನೀರು ಬೇಕು. 20 ಜನರಿಗೊಂದು ಪಾಯಿಖಾನೆ ಇರಬೇಕು. ಮಕ್ಕಳೇ, ಇನ್ನೂರು ಜನರಿಗೆ ಲೆಕ್ಕ ಹಾಕಿ ನೋಡಿ. 3,000 ಲೀಟರ್ ನೀರು, ಹತ್ತು ಪಾಯಿಖಾನೆ. ಆ ಶಾಲೆಯಲ್ಲಿದ್ದದ್ದು ನಾಲ್ಕು. ಬಿಸ್ಕತ್ತು ಎಣಿಸುತ್ತಿದ್ದ ನಾನು ಇದನ್ನು ಎಣಿಸಿರಲೇ ಇಲ್ಲ.

ಮೊದಲೇ ಲೆಕ್ಕ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಒಡಿಶಾವನ್ನು ನೋಡಬೇಕು. 1999ರ ಅಕ್ಟೋಬರಿನಲ್ಲಿ ಅಲ್ಲಿ ಬೀಸಿದ ಮಹಾ ಚಂಡಮಾರುತದಲ್ಲಿ ಸುಮಾರು 10,000 ಜನ ತೀರಿಹೋದರು. ಆಮೇಲೆ ಅವರು ಕರಾವಳಿಯಲ್ಲಿ ಗಟ್ಟಿ ಆಶ್ರಯ ಕಟ್ಟಡಗಳನ್ನು ಕಟ್ಟಿದರು, ಯಾವ ಊರಿನವರು ಎಲ್ಲಿಗೆ ಹೋಗಬೇಕೆಂದು ಮೊದಲೇ ಗೊತ್ತುಮಾಡಿದರು, ಊರಿನವರಿಗೇ ತರಬೇತಿ ಕೊಟ್ಟರು. 2013ರಲ್ಲಿ ಫೈಲಿನ್ ಎಂಬ ಚಂಡಮಾರುತ ಬಂದಾಗ ಲಕ್ಷಗಟ್ಟಲೆ ಜನರನ್ನು ಮುಂಚೆಯೇ ಸ್ಥಳಾಂತರಿಸಿದ್ದರು. ಆ ಸಲ ಸತ್ತವರ ಸಂಖ್ಯೆ ಐವತ್ತನ್ನು ಮುಟ್ಟಲಿಲ್ಲ. ಗಾಳಿಯನ್ನು ಯಾರೂ ನಿಲ್ಲಿಸಲಿಲ್ಲ, ಜನರನ್ನು ಅದರ ದಾರಿಯಿಂದ ಸರಿಸಿದರು.

ನಮ್ಮ ಸರದಿ 2022ರಲ್ಲಿ ಬಂತು. ಆಗಸ್ಟ್ 1, ನಾಗರಪಂಚಮಿಯ ಹಿಂದಿನ ದಿನ. ಸಂಜೆ ಸುರಿದ ಮಳೆಗೆ ಕುಮಾರಧಾರೆಯೂ ದರ್ಪಣತೀರ್ಥವೂ ಉಕ್ಕಿದವು. ಆದಿಸುಬ್ರಹ್ಮಣ್ಯದ ಕಡೆಯೆಲ್ಲ ನೀರು. ಹರಿಹರ ಪಳ್ಳತ್ತಡ್ಕದಲ್ಲಿ ಹೊಳೆ ಮರದ ದಿಮ್ಮಿಗಳನ್ನು ತಂದು ಸೇತುವೆಗೆ ಒಡ್ಡಿತು. ಆ ರಾತ್ರಿ ನಮ್ಮೂರಿನಲ್ಲಿ ಗುಡ್ಡ ಜರಿದು ಮನೆಯೊಂದರ ಮೇಲೆ ಬಿದ್ದು ಇಬ್ಬರು ಪುಟ್ಟ ಅಕ್ಕತಂಗಿಯರು ತೀರಿಕೊಂಡರು. ಅದನ್ನು ಹೆಚ್ಚು ಬರೆಯಲು ನನ್ನಿಂದಾಗುವುದಿಲ್ಲ. ಆ ರಾತ್ರಿ ನಮ್ಮೂರಲ್ಲಿ ಯಾರಿಗೂ ನಿದ್ದೆಯಿರಲಿಲ್ಲ.

ಮರುದಿನ ಬೆಳಿಗ್ಗೆ ಈ ನೋಟ್‌ಬುಕ್ಕಿನ ಉಳಿದ ಪುಟಗಳನ್ನು ತೆರೆದೆ. ಈ ಸಲ ಮೊದಲು ಮನೆಮನೆಗೆ ಹೋಗಿ ಕೇಳಿದೆವು. ನೀರು ನುಗ್ಗಿದ ಮನೆಯವರಿಗೆ ಬೇಕಾದದ್ದು ಬಟ್ಟೆಯಲ್ಲ, ಕೆಸರು ತೆಗೆಯಲು ಹಾರೆ, ಬುಟ್ಟಿ, ಹಿಡಿಸೂಡಿ, ಬಾವಿಗೆ ಬ್ಲೀಚಿಂಗ್ ಪೌಡರ್, ಮಾಡಿಗೆ ಟಾರ್ಪಾಲು, ಮತ್ತೆ ಎರಡು ದಿನ ದುಡಿಯುವ ಕೈಗಳು. ಆಗ ಐದನೇ ಕ್ಲಾಸಿನಲ್ಲಿದ್ದ ಪುಳ್ಳಿ ನಾನು ಹೇಳಿದಂತೆ ಅಮ್ಮನ ಫೋನಿನಲ್ಲಿ ಸಂದೇಶ ಬರೆದಳು: ‘ಆಗಸ್ಟ್ 2, ಬೆಳಿಗ್ಗೆ 10 ಗಂಟೆ. ಬೇಕಾದದ್ದು ಇವು. ಬಟ್ಟೆ ಬೇಡ. ಈ ಸಂದೇಶ ನಾಳೆ ಸಂಜೆಯವರೆಗೆ ಮಾತ್ರ.’ ಬೇಕಾದದ್ದೇ ಬಂತು. ಮೂಟೆ ಬರಲಿಲ್ಲ.

ಮಕ್ಕಳೇ, ನೀವು ಹೊಳೆಗೆ ಇಳಿಯಬೇಡಿ, ಗುಡ್ಡದ ಕಡೆ ನೋಡಲಿಕ್ಕೂ ಹೋಗಬೇಡಿ. ಅದು ತರಬೇತಾದವರ ಕೆಲಸ. ಅಪಾಯ ಕಂಡರೆ ದೊಡ್ಡವರಿಗೆ ಹೇಳಿ 1077ಕ್ಕೋ 112ಕ್ಕೋ ಫೋನ್ ಮಾಡಿಸಿ. ಆದರೆ ಒಂದು ಕೆಲಸ ನಿಮ್ಮಿಂದ ಆಗುತ್ತದೆ. ಮಳೆಗಾಲ ಬರುವ ಮೊದಲು ಒಂದು ಚೀಲದಲ್ಲಿ ಅಜ್ಜ ಅಜ್ಜಿಯ ಮಾತ್ರೆ ಚೀಟಿ, ಆಧಾರ್, ಪಾಸ್‌ಬುಕ್ಕಿನ ನಕಲು, ಟಾರ್ಚು, ಬೆಂಕಿಪೊಟ್ಟಣ ಹಾಕಿ ಬಾಗಿಲ ಹತ್ತಿರ ತೂಗುಹಾಕಿ. ಯಾರಿಗಾದರೂ ಕಷ್ಟ ಬಂದಾಗ ಕೊಡುವ ಮೊದಲು ಪಕ್ಕದಲ್ಲಿ ಕುಳಿತು ಕೇಳಿ. ನನ್ನ ಪ್ರಾಯದವರಿಗೆ ಒಂದು ಮಾತು: ಕೇಳಿದಾಗ ಸಂಕೋಚ ಬಿಟ್ಟು ಹೇಳಿ. ಮಾತ್ರೆ ಕೇಳುವುದು ಬೇಡುವುದಲ್ಲ.

“ಹಾಗಾದ್ರೆ ಗಂಗೆ?” ಎಂದಳು ಪುಳ್ಳಿ.

ಗಂಗೆ ಸಿಗಲಿಲ್ಲ. ಯುವಕರು ಎರಡು ಸಲ ಹುಡುಕಿ ಬಂದರು, ಹಟ್ಟಿ ಇದ್ದ ಜಾಗವೇ ಗುರುತು ಸಿಗಲಿಲ್ಲವಂತೆ. ಅದನ್ನು ಅಜ್ಜಿಗೆ ಹೇಳಲು ನಾನೇ ಅಡುಗೆ ಕೋಣೆಗೆ ಹೋದೆ. ಅವರು ಸೌಟು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಹುಡುಕಿದಿರಲ್ಲ, ಸಾಕು. ಆ ಹುಡುಗಿ ಬಿಳಿ ಬೊಟ್ಟನ್ನೂ ಬರೆದುಕೊಂಡಿದ್ದಳು” ಎಂದು ಮತ್ತೆ ಗಂಜಿ ಕದಡಿದರು.

ಪುಳ್ಳಿ ಆ ಸಾಲನ್ನು ಇನ್ನೊಮ್ಮೆ ಓದಿದಳು. ನಗಲಿಲ್ಲ. ಒಳಗೆ ಹೋಗಿ ತನ್ನ ಹೊಸ ನೋಟ್‌ಬುಕ್ ತಂದು, ಮೊದಲ ಪುಟದಲ್ಲಿ ತಾರೀಕು ಹಾಕಿ, ಗೆರೆ ಎಳೆದು, ‘ಬೇಕು’ ಎಂದು ಬರೆದಳು. ಆಮೇಲೆ ನನ್ನ ಪಕ್ಕದಲ್ಲಿ ಕುಳಿತು ಕೇಳಿದಳು: “ಅಜ್ಜಾ, ನಿಮ್ಮ ಮಾತ್ರೆಯ ಹೆಸರು ಹೇಳಿ.”