ನಾಲ್ಕಾಣೆ ತೂಕ

ಅಟ್ಟದ ಮೇಲಿಂದ ಆ ಪೆಟ್ಟಿಗೆ ಇಳಿಸಿದ ದಿನ ಅಪ್ಪ ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಿ ನೋಡಿದರು, ಏನೂ ಅನ್ನಲಿಲ್ಲ. ನಾನೂ ಏನೂ ಅನ್ನಲಿಲ್ಲ. ಆ ಪೆಟ್ಟಿಗೆಯ ಬಗ್ಗೆ ನಾವಿಬ್ಬರೂ ಇಪ್ಪತ್ತೇಳು ವರ್ಷದಿಂದ ಮಾತಾಡಿರಲಿಲ್ಲ.

ಅಪ್ಪನದು ಮೈಕ್‌ಸೆಟ್ ಕೆಲಸ. ಮಾಗಡಿ ತಾಲ್ಲೂಕಿನ ನಮ್ಮ ಸುತ್ತಮುತ್ತಲ ಹಳ್ಳಿಗಳಲ್ಲಿ ಮದುವೆ, ಆರತಿ, ಗಣೇಶನ ಹಬ್ಬ, ಎಲೆಕ್ಷನ್ ಏನೇ ಬಂದರೂ ಅಪ್ಪನ ಎರಡು ಹಾರ್ನ್ ಮರ ಹತ್ತುತ್ತಿದ್ದವು. ನಿಮ್ಮೂರಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಟೆಂಟ್ ಸಿನಿಮಾದಲ್ಲಿ ಘಂಟಸಾಲರ ವೆಂಕಟೇಶನ ಹಾಡು ಹಾಕಿದರೆ ಆಟ ಶುರು ಅಂತ ಜನ ಓಡುತ್ತಿದ್ದ ಕಾಲದಿಂದ ಅಪ್ಪ ಆ ಕೆಲಸದಲ್ಲಿದ್ದವರು.

ನಾನು ಹುಟ್ಟುವ ಹೊತ್ತಿಗೆ ಕ್ಯಾಸೆಟ್ ಬಂದು ರೆಕಾರ್ಡ್‌ಗಳು ಮೂಲೆ ಸೇರಿದ್ದವು. ಆದರೂ ಗೌರಿ ಹಬ್ಬದ ದಿನ ಅಪ್ಪ ಪೆಟ್ಟಿಗೆ ತೆಗೆದು, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ‘ಬಂಗಾರದ ಮನುಷ್ಯ’ದ ರೆಕಾರ್ಡ್ ಹಾಕುತ್ತಿದ್ದರು. 1972ರ ಸಿನಿಮಾ. ಜಿ.ಕೆ. ವೆಂಕಟೇಶ್ ಸಂಗೀತ, ರಾಜ್‌ಕುಮಾರ್‌ಗೆ ಪಿ.ಬಿ. ಶ್ರೀನಿವಾಸ್ ದನಿ. ಮದುವೆ ಮನೆಗೆ ಬೇರೆ ರೆಕಾರ್ಡ್, ಮನೆಗೆ ಅದೊಂದು ರೆಕಾರ್ಡ್.

ನನಗೆ ಒಂಬತ್ತು ವರ್ಷ. ಅಪ್ಪ ತೋಟಕ್ಕೆ ಹೋಗಿದ್ದಾಗ ನಾನೇ ಆ ರೆಕಾರ್ಡ್ ಹಾಕಿದೆ. ಸೂಜಿ ಒಂದೇ ಕಡೆ ಎಗರಿ ಎಗರಿ ಅದೇ ಮಾತು ತಿರುಗಿಸಿ ಹೇಳುತ್ತಿತ್ತು. ಮೈಕ್‌ಸೆಟ್ ಹುಡುಗರು ಸೂಜಿ ತಲೆ ಮೇಲೆ ಕಾಸು ಇಡುವುದನ್ನು ನೋಡಿದ್ದೆ. ಜೇಬಲ್ಲಿದ್ದ ನಾಲ್ಕಾಣೆ ಇಟ್ಟೆ. ಎಗರುವುದು ನಿಂತಿತು. ಖುಷಿಯಾಗಿ ಅದನ್ನೇ ಹತ್ತಾರು ಸಲ ಹಾಕಿದೆ. ಆಮೇಲೆ ಹಾಡಿನ ಹಿಂದೆ ಬಾಣಲೆಯಲ್ಲಿ ಎಣ್ಣೆ ಸಿಡಿದ ಹಾಗೆ ಸದ್ದು ಬರತೊಡಗಿತು.

ಅಪ್ಪ ಬಂದರು, ಕೇಳಿಸಿಕೊಂಡರು, ನಾಲ್ಕಾಣೆ ತೆಗೆದು ನನ್ನ ಕೈಗೆ ಕೊಟ್ಟರು. ಹೊಡೆಯಲಿಲ್ಲ, ಬೈಯಲಿಲ್ಲ. ಪೆಟ್ಟಿಗೆ ಮುಚ್ಚಿ ಅಟ್ಟಕ್ಕೆ ಹಾಕಿದರು. ಹೊಡೆದಿದ್ದರೆ ಬಹುಶಃ ಮರೆತುಬಿಡುತ್ತಿದ್ದೆ.

ಈಗ ಹೆಂಚು ತೆಗೆದು ಶೀಟ್ ಹಾಕಿಸಲು ಅಟ್ಟ ಖಾಲಿ ಮಾಡಬೇಕಾಯಿತು. ಹಾಗೆ ಪೆಟ್ಟಿಗೆ ಇಳಿಯಿತು. ಸ್ವಿಚ್ ಹಾಕಿದರೆ ಮೋಟಾರ್ ಗೊರ್ ಅಂದು ನಿಂತಿತು.

ನಾನು ಜಿಲ್ಲೆಯ ಸುದ್ದಿ ಕಳಿಸಿ ಕಾಲಂ ಲೆಕ್ಕದಲ್ಲಿ ದುಡ್ಡು ಎಣಿಸುವವನು. ಕೆಲಸ ಕಮ್ಮಿ ಅನ್ನುವುದು ಬಿಟ್ಟರೆ ಪರಿಚಯಕ್ಕೇನೂ ಕಮ್ಮಿಯಿಲ್ಲ. ಹಿಂದೊಮ್ಮೆ ಸುದ್ದಿಗೆಂದು ಮಾತಾಡಿಸಿದ್ದ ಕಾಮಾಕ್ಷಿಪಾಳ್ಯದ ಲೇತ್ ಅಂಗಡಿಯವರೊಬ್ಬರು, ‘ಬಸವೇಶ್ವರನಗರದಲ್ಲಿ ರಾಯರೊಬ್ಬರಿದ್ದಾರೆ, ಹಳೇ ಪ್ಲೇಯರ್ ಅಂದರೆ ಊಟ ಬಿಡ್ತಾರೆ’ ಅಂದರು. ಒಂದು ಶನಿವಾರ ಮಾಗಡಿ ಬಸ್ಸಿನಲ್ಲಿ ಪೆಟ್ಟಿಗೆ ತೊಡೆ ಮೇಲಿಟ್ಟುಕೊಂಡು ತಾವರೆಕೆರೆ, ಸುಂಕದಕಟ್ಟೆ, ಸುಮನಹಳ್ಳಿ ದಾಟಿ ಕಾಮಾಕ್ಷಿಪಾಳ್ಯದಲ್ಲಿ ಇಳಿದು, ಆಟೋ ಹಿಡಿದು ಹಾವನೂರು ಸರ್ಕಲ್ ಹತ್ತಿರ ಅವರ ಮನೆ ಹುಡುಕಿದೆ.

ರಾಯರಿಗೆ ಎಪ್ಪತ್ತು ದಾಟಿದೆ. ಬಾಗಿಲು ತೆಗೆದವರು ನನ್ನ ಹೆಸರು ಕೇಳುವ ಮೊದಲು ಪೆಟ್ಟಿಗೆ ತೆಗೆದು ನೋಡಿದರು. ಅಕ್ಕಸಾಲಿಗರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗಾಜು ಹಾಕಿಕೊಂಡು ಸೂಜಿ ನೋಡಿ, ‘ಬಾ ಇಲ್ಲಿ, ನೀನೂ ನೋಡು’ ಅಂದರು.

ಆ ಪೆಟ್ಟಿಗೆಯಲ್ಲಿ ಒಂದೇ ತಲೆಗೆ ಎರಡು ಸೂಜಿ. ಕೀಲಿ ತಿರುಗಿಸಿದರೆ ಒಂದು ಮೇಲೆ, ಒಂದು ಕೆಳಗೆ. ಒಂದು 78ರ ವೇಗದ ಹಳೇ ಅರಗಿನ ತಟ್ಟೆಗೆ, ಇನ್ನೊಂದು 1948ರ ನಂತರ ಬಂದ ಪ್ಲಾಸ್ಟಿಕ್ಕಿನ ಎಲ್‌ಪಿಗೆ. ಎಲ್‌ಪಿ ಸೂಜಿ 78ರ ಸೂಜಿಯ ಮೂರನೇ ಒಂದು ಭಾಗದಷ್ಟು ಸಣ್ಣ. ಅದರ ತುದಿ ಗುಂಡಗಿರಬೇಕು. ನಮ್ಮದು ಎರಡೂ ಪಕ್ಕ ಸವೆದು ಉಳಿಯ ಬಾಯಿಯ ಹಾಗಾಗಿತ್ತು.

‘ನಾನು ಅದರ ಮೇಲೆ ನಾಲ್ಕಾಣೆ ಇಟ್ಟಿದ್ದೆ ಸಾರ್’ ಅಂದೆ. ಯಾರ ಹತ್ತಿರವೂ ಹೇಳದ ಮಾತು, ಗುರುತಿಲ್ಲದವರ ಹತ್ತಿರ ಸಲೀಸಾಗಿ ಬಂತು.

ಅವರು ನಕ್ಕರು. ‘ಹತ್ತಾರು ಸಲ ಹಾಕಿದ್ದಕ್ಕೆ ಸೂಜಿ ಹೀಗಾಗಲ್ಲಪ್ಪ. ಇದು ನೀಲಮಣಿ ಸೂಜಿ, ನೂರು ಗಂಟೆಯೊಳಗೇ ಸವೆಯುತ್ತೆ. ವಜ್ರದ್ದಾದರೆ ಐನೂರು, ಸಾವಿರ ಗಂಟೆ ಬರುತ್ತೆ. ಮೈಕ್‌ಸೆಟ್‌ನವರು ಒಂದು ಮದುವೆಗೆ ಎರಡು ದಿನ, ದಿನಕ್ಕೆ ಎಂಟು ಗಂಟೆ ಹಾಕ್ತಿದ್ರು. ಆರು ಮದುವೆಗೆ ಸೂಜಿ ಮುಗೀತು. ನೀನು ಕಾಸು ಇಡೋ ಮೊದಲೇ ಇದು ಸತ್ತಿತ್ತು. ಅದಕ್ಕೇ ಎಗರುತ್ತಿದ್ದದ್ದು.’

‘ಹಾಗಾದರೆ ನನ್ನ ತಪ್ಪಿಲ್ವಾ?’

‘ಇಲ್ಲ ಅಂತ ಯಾರು ಹೇಳಿದ್ರು?’ ಅಂದು ಅಂಗೈಯಗಲದ ಡಿಜಿಟಲ್ ತಕ್ಕಡಿ ತಂದರು. ಹಳೇ ಪೆಟ್ಟಿಗೆಯ ಸೂಜಿಯನ್ನು ಅದರ ಮೇಲೆ ಇಳಿಸಿದರು: 6 ಗ್ರಾಂ. ಡಬ್ಬಿಯಿಂದ ಚಲಾವಣೆ ನಿಂತ ನಾಲ್ಕಾಣೆ ಹುಡುಕಿ ಇಟ್ಟರು: ಎರಡೂವರೆ ಗ್ರಾಂ. ‘ಒಟ್ಟು ಎಂಟೂವರೆ. ಉಳಿಯ ಮೇಲೆ ಸುತ್ತಿಗೆ ಇಟ್ಟ ಹಾಗೆ. ಸೂಜಿ ಅರ್ಧ ಮಾಡಿತ್ತು, ಇನ್ನರ್ಧ ನೀನು ಮಾಡಿದೆ.’

ವರದಿ ಬರೆಯುವವರು ಕೇಳಬಯಸುವಂಥ ಉತ್ತರ ಅದು. ಎರಡೂ ಕಡೆಯ ಮಾತು, ಜೊತೆಗೆ ಅಳತೆ. ಮನಸ್ಸು ಹಗುರಾಯಿತು ಅನ್ನಲಾರೆ. ಆದರೆ ಎಷ್ಟು ಭಾರ ಅಂತ ಗೊತ್ತಾಯಿತು.

ಆ ಪೆಟ್ಟಿಗೆಗೆ ಹೊಂದುವ ತಲೆ ಈಗ ಸಿಗುವುದಿಲ್ಲ ಅಂದರು. ಅವರ ಹತ್ತಿರ ಇನ್ನೊಂದು ಸೆಕೆಂಡ್‌ಹ್ಯಾಂಡ್ ಟರ್ನ್‌ಟೇಬಲ್ ಇತ್ತು, ಬೆಲ್ಟ್‌ನಲ್ಲಿ ತಿರುಗುವಂಥದ್ದು. ಮೂರು ಕಂತಿಗೆ ಒಪ್ಪಿಸಿದೆ. ಕಾರ್ಟ್ರಿಡ್ಜ್, ಅಂದರೆ ಸೂಜಿ ಇರುವ ಆ ಸಣ್ಣ ತಲೆ, ಹೊಸದು ತರಿಸಿದೆವು. ಮುಂದಿನ ಶನಿವಾರ ಹೋದಾಗ ಸ್ಕ್ರೂಡ್ರೈವರ್ ನನ್ನ ಕೈಗೇ ಕೊಟ್ಟರು. ‘ನೀನೇ ಕೂರಿಸು. ನಾಳೆ ಊರಲ್ಲಿ ನಾನಿರಲ್ಲ.’

ಮನೆಯಲ್ಲಿ ರೆಕಾರ್ಡ್ ಇಟ್ಟುಕೊಂಡವರಿಗೆ ಉಪಯೋಗವಾಗಲಿ ಅಂತ ಕಲಿತಷ್ಟನ್ನು ಬರೆಯುತ್ತೇನೆ.

ಮೊದಲು ರಸಮಟ್ಟ. ಗಾರೆಯವರು ಇಡುತ್ತಾರಲ್ಲ, ಅದೇ. ತಟ್ಟೆ ಎಲ್ಲ ಕಡೆಗೂ ಸಮ ಇರಬೇಕು. ಇಲ್ಲದಿದ್ದರೆ ಮುಂದೆ ಮಾಡುವುದೆಲ್ಲ ವ್ಯರ್ಥ.

ಆಮೇಲೆ ನಾಲ್ಕು ತಂತಿ. ಬಿಳಿ, ನೀಲಿ ಎಡಕ್ಕೆ. ಕೆಂಪು, ಹಸಿರು ಬಲಕ್ಕೆ. ಚಿಮಟದಲ್ಲಿ ಹಿಡಿದು ಮೆಲ್ಲಗೆ ಸಿಕ್ಕಿಸಬೇಕು. ಕಾರ್ಟ್ರಿಡ್ಜ್ ಪಿನ್ನಿಗೆ ಬೆಸುಗೆ ಹಾಕಬಾರದು, ಬಿಸಿಗೆ ಒಳಗಿನ ಕೂದಲೆಳೆಯ ತಂತಿ ಹೋಗುತ್ತದೆ.

ಮೂರನೆಯದು ಕೋನ. ಕಾರ್ಖಾನೆಯಲ್ಲಿ ರೆಕಾರ್ಡ್ ಕೊರೆಯುವ ಉಳಿ ಅಂಚಿನಿಂದ ನಡುವಿನ ಕಡೆಗೆ ನೇರ ಗೆರೆಯಲ್ಲಿ ಹೋಗುತ್ತದೆ. ನಮ್ಮ ಪ್ಲೇಯರಿನ ತೋಳು ಗೇಟಿನ ಹಾಗೆ ಒಂದು ಕೀಲಿನ ಮೇಲೆ ತಿರುಗುತ್ತದೆ. ಹಾಗಾಗಿ ಸೂಜಿ ಗೀರಿಗೆ ಸರಿಯಾಗಿ ಮುಖ ಕೊಡುವುದು ಎರಡೇ ಕಡೆ. ರಾಯರು ಕೊಟ್ಟ ಗೆರೆ ಹಾಕಿದ ಕಾಗದದಲ್ಲಿ ಆ ಎರಡು ಚುಕ್ಕಿ ಇದ್ದವು, ನಡುವಿನ ಕಡ್ಡಿಯಿಂದ ಒಂದು 66 ಮಿಲಿಮೀಟರ್, ಇನ್ನೊಂದು ಸುಮಾರು 121 ಮಿಲಿಮೀಟರ್. ಎರಡು ಚುಕ್ಕಿ ಮೇಲೂ ಸೂಜಿ ಇಳಿಸಿದಾಗ ಕಾರ್ಟ್ರಿಡ್ಜ್‌ನ ಪಕ್ಕ ಗೆರೆಗೆ ಸಮವಾಗಿ ನಿಲ್ಲಬೇಕು. ಒಂದಕ್ಕೆ ಸರಿ ಮಾಡಿದರೆ ಇನ್ನೊಂದು ತಪ್ಪುತ್ತದೆ. ಮುಂದೆ ಹಿಂದೆ ಎಳ್ಳಷ್ಟು ಎಳ್ಳಷ್ಟು ಸರಿಸುತ್ತಾ ನನಗೆ ಒಂದು ಗಂಟೆ ಹಿಡಿಯಿತು. ರಾಯರು ಅಷ್ಟೊತ್ತಿಗೆ ಎರಡು ಸಲ ಕಾಫಿ ಕುಡಿದಿದ್ದರು.

ಇದು ತಪ್ಪಿದರೆ ಹಾಡಿನ ಕೊನೆ ಹಾಳಾಗುತ್ತದೆ. ಯಾಕೆ? ಕಣದಲ್ಲಿ ಮೇಟಿ ಕಂಬಕ್ಕೆ ಕಟ್ಟಿದ ಎತ್ತುಗಳನ್ನು ನೆನೆಯಿರಿ. ಕಂಬದ ಪಕ್ಕದ ಎತ್ತು ಕಾಲು ಸರಿಸಿದರೆ ಸಾಕು, ಹೊರಗಿನ ಎತ್ತು ಬಿರುಸಾಗಿ ನಡೆಯಬೇಕು. ಎಲ್‌ಪಿಯೂ ಹಾಗೇ. ಹೊರ ಅಂಚಿನಲ್ಲಿ ಗೀರು ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಓಡುತ್ತದೆ, ಒಳ ಸುತ್ತಿನಲ್ಲಿ ಸುಮಾರು 21. ಅಷ್ಟೇ ಹಾಡನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಒತ್ತಿ ಬರೆದಿರುತ್ತಾರೆ. ಸೂಜಿ ಸ್ವಲ್ಪ ಓರೆಯಾದರೂ ‘ಸ’ಕಾರಗಳೆಲ್ಲ ಸೀಳುತ್ತವೆ.

ನಾಲ್ಕನೆಯದು ತೂಕ. ತೋಳಿನ ಹಿಂದೆ ಒಂದು ಗುಂಡು ಇರುತ್ತದೆ. ಅದನ್ನು ತಿರುಗಿಸುತ್ತಾ ಹೋದರೆ ಒಂದು ಹಂತದಲ್ಲಿ ತೋಳು ತಕ್ಕಡಿಯ ಹಾಗೆ ಗಾಳಿಯಲ್ಲಿ ತೇಲುತ್ತದೆ. ಅದು ಸೊನ್ನೆ. ಅಲ್ಲಿಂದ ಬೇಕಾದ ತೂಕಕ್ಕೆ ತಿರುಗಿಸಬೇಕು. ನಮ್ಮ ಕಾರ್ಟ್ರಿಡ್ಜ್‌ಗೆ 2 ಗ್ರಾಂ. ಗುಂಡಿನ ಮೇಲಿನ ಅಂಕಿ 2 ತೋರಿಸುತ್ತಿತ್ತು, ತಕ್ಕಡಿಯಲ್ಲಿ ನೋಡಿದರೆ 2.6. ‘ಬರೆದಿರೋದನ್ನೆಲ್ಲ ನಂಬಬೇಡ, ಪೇಪರ್‌ನೋನಿಗೆ ನಾನೇ ಹೇಳಬೇಕಾ?’ ಅಂದರು ರಾಯರು.

ನಾನು ಬುದ್ಧಿವಂತಿಕೆ ಮಾಡಿ, ‘ಒಂದೇ ಗ್ರಾಂ ಇಟ್ಟುಬಿಡೋಣ ಸಾರ್, ರೆಕಾರ್ಡ್ ಸವೆಯಲ್ಲ’ ಅಂದೆ. ಅಲ್ಲೇ ತಪ್ಪಿದ್ದು. ನೇಗಿಲ ಹಿಡಿ ಸಡಿಲ ಬಿಟ್ಟರೆ ಗುಳ ಸಾಲು ಬಿಟ್ಟು ಎಗರುತ್ತದೆ. ಹಗುರಾದ ಸೂಜಿಯೂ ಜೋರು ದನಿ ಬಂದ ಕಡೆ ಗೀರು ಬಿಟ್ಟು ಎಗರಿ, ಮತ್ತೆ ಬಿದ್ದು ಗೋಡೆಯನ್ನೇ ಕೆತ್ತುತ್ತದೆ. ಭಾರ ಹೆಚ್ಚಾದರೂ ಕೇಡು, ಕಮ್ಮಿಯಾದರೆ ಇನ್ನೂ ಕೇಡು. ತಯಾರಿಸಿದವರು ಹೇಳಿದ ಅಳತೆಯೇ ಸರಿ.

ಇನ್ನು ಸಣ್ಣ ಕೆಲಸ. ತಿರುಗುವ ತಟ್ಟೆ ತೋಳನ್ನು ನಡುವಿನ ಕಡೆಗೆ ಎಳೆಯುತ್ತದೆ, ಅದಕ್ಕೆ ಎದುರಾಗಿ ಹೊರಗೆ ಸ್ವಲ್ಪ ಎಳೆಯುವ ತಿರುಗಣೆಯನ್ನು ತೂಕಕ್ಕೆ ಹೊಂದಿಸಬೇಕು. ಸೂಜಿ ಕೆಳಗೆ ಚಿಕ್ಕ ಕನ್ನಡಿ ಇಟ್ಟು ಎದುರಿನಿಂದ ನೋಡಿದರೆ ಸೂಜಿ ಮತ್ತು ಅದರ ನೆರಳು ಒಂದೇ ಗೆರೆಯಲ್ಲಿರಬೇಕು. ಕೊನೆಗೆ ಪ್ರಿಆಂಪ್ ಅನ್ನುವ ಡಬ್ಬಿ. ಹಳೇ ಪೆಟ್ಟಿಗೆಯ ಸೂಜಿ ನೇರ ಆಂಪ್ಲಿಫೈಯರ್‌ಗೆ ಸಾಕಾಗುವಷ್ಟು ಕರೆಂಟು ಕೊಡುತ್ತಿತ್ತು. ಈಗಿನ ಅಯಸ್ಕಾಂತದ ಕಾರ್ಟ್ರಿಡ್ಜ್ ಕೊಡುವುದು ಕೆಲವೇ ಮಿಲಿವೋಲ್ಟ್. ಮೇಲಾಗಿ ರೆಕಾರ್ಡ್ ಕೊರೆಯುವಾಗ ಗಡಸು ದನಿ ತಗ್ಗಿಸಿ ಸಣ್ಣ ದನಿ ಏರಿಸಿರುತ್ತಾರೆ. ಅದಕ್ಕೊಂದು ಲೆಕ್ಕವನ್ನು 1954ರಲ್ಲಿ ಅಮೆರಿಕದ ರೆಕಾರ್ಡ್ ಕಂಪನಿಗಳು ಒಪ್ಪಿಕೊಂಡವು. ಆ ಡಬ್ಬಿ ಅದನ್ನು ತಿರುಗಿಸಿ ಸರಿ ಮಾಡುತ್ತದೆ.

ಊರಿಗೆ ತಂದೆ. ಬಸ್ಸಿನ ಕುಲುಕಾಟಕ್ಕೆ ಗುಂಡು ಅಲುಗಿತ್ತು, ಮತ್ತೆ ಮೊದಲಿಂದ ತೂಕ ಇಟ್ಟೆ. ಅಪ್ಪ ಬಾಗಿಲ ಬಳಿ ನಿಂತು ನೋಡುತ್ತಿದ್ದರು. ಕನ್ನಡಿ ಇಟ್ಟಾಗ ಹತ್ತಿರ ಬಂದರು. ‘ಇಷ್ಟೆಲ್ಲ ನಮಗೆ ಯಾರೂ ಹೇಳಿಕೊಡ್ಲಿಲ್ಲ’ ಅಂದರು.

ಮೊದಲು ಭೀಮಸೇನ ಜೋಶಿಯವರ ದಾಸರ ಪದಗಳ ಎಲ್‌ಪಿ ಹಾಕಿದೆ. ಹಾರ್ನ್ ಇಲ್ಲದೆ ಆ ದನಿಯನ್ನು ಅಪ್ಪ ಕೇಳಿದ್ದು ಕಮ್ಮಿ. ಕೊನೆ ಸುತ್ತಿನವರೆಗೂ ಒಂದೂ ‘ಸ’ಕಾರ ಸೀಳಲಿಲ್ಲ. ಆಮೇಲೆ ಅವರೇ ಕವರಿನಿಂದ ‘ಬಂಗಾರದ ಮನುಷ್ಯ’ ತೆಗೆದರು.

‘ಅದು ಹಾಳಾಗಿದೆ ಅಪ್ಪ. ನಾನೇ ಹಾಳು ಮಾಡಿದ್ದು. ನಾಲ್ಕಾಣೆ ಇಟ್ಟಿದ್ದೆ.’

‘ಗೊತ್ತು ಕಣೋ. ಸೂಜಿ ಅದಕ್ಕೂ ಮೊದಲೇ ಹೋಗಿತ್ತು. ಆ ವರ್ಷ ಬೋರು ಬತ್ತಿತ್ತು. ಪೇಟೆಗೆ ಹೋಗಿ ಹೊಸ ಸೂಜಿ ತರೋಕೆ ಕಾಸಿರಲಿಲ್ಲ. ಇನ್ನಷ್ಟು ಹಾಳಾಗದು ಬೇಡ ಅಂತ ಮೇಲೆ ಹಾಕಿದೆ.’

‘ಮತ್ತೆ ಒಂದು ಮಾತು ಹೇಳಬಾರದಿತ್ತಾ?’

‘ಮಗನ ಹತ್ತಿರ ಸೂಜಿಗೂ ಕಾಸಿಲ್ಲ ಅಂತ ಹೇಳೋದಾ?’

ಸೂಜಿ ಇಳಿಸಿದೆ. ಎಣ್ಣೆ ಸಿಡಿಯುವ ಸದ್ದು ಹಾಗೇ ಇತ್ತು. ಒಮ್ಮೆ ಕೆತ್ತಿಹೋದ ಗೀರು ಯಾವ ಕಾರ್ಟ್ರಿಡ್ಜ್‌ಗೂ ವಾಪಸ್ ಬರುವುದಿಲ್ಲ. ಆದರೆ ಹೊಸ ಸೂಜಿಯ ತುದಿ ಹಳೆಯದು ತಾಗದ ಜಾಗದಲ್ಲಿ ಗೋಡೆಗೆ ತಾಗುತ್ತಿರಬೇಕು, ಸದ್ದಿನ ಹಿಂದೆ ಪಿಬಿಎಸ್ ದನಿ ಚೆನ್ನಾಗಿಯೇ ಕೇಳುತ್ತಿತ್ತು. ಎಗರಲಿಲ್ಲ.

ಖುಷಿಗೆ ವಾಲ್ಯೂಮ್ ಏರಿಸಿದೆ. ನಲವತ್ತು ವರ್ಷ ಮರದ ಮೇಲೆ ಹಾರ್ನ್ ಕಟ್ಟಿದ ನಮ್ಮಪ್ಪ ಅವರೆಕಾಯಿ ಮೊರ ಎಳೆದುಕೊಂಡು ಕೂತು ಹೇಳಿದರು: ‘ಕಮ್ಮಿ ಮಾಡೋ, ಮದುವೆ ಮನೆಯಲ್ಲ ಇದು.’